ಬಿಟ್ಟು ಬಂದ ಪ್ಲೇಟು

ಹೋದ ಭಾನುವಾರ ನಮ್ಮಾಕೆ ಅಂಗಳದಲ್ಲಿ ಹಳೇ ಪಂಚೆ ಹಾಸಿ ಹಪ್ಪಳ ಒಣಗಲು ಹಾಕಿದ್ದಳು. ಹಪ್ಪಳದ ಪಕ್ಕದಲ್ಲೇ ಸಾಲಾಗಿ ನನ್ನ ಹನ್ನೊಂದು ಪ್ಲೇಟುಗಳು. ಮಳೆಗಾಲಕ್ಕೆ ಬೂಷ್ಟು ಹಿಡಿದಿದ್ದವಂತೆ. ಪಾಪ, ಒಳ್ಳೇ ಮನಸ್ಸಿನಿಂದಲೇ ಬಿಸಿಲಿಗಿಟ್ಟಿದ್ದಾಳೆ. ಎಲ್‌ಪಿ ಪ್ಲೇಟು ಬಿಸಿಲು ಕಂಡರೆ ಸೊಟ್ಟಗಾಗುತ್ತದೆ, ಆಮೇಲೆ ಅದಕ್ಕೂ ಹಪ್ಪಳಕ್ಕೂ ಇರುವ ವ್ಯತ್ಯಾಸ ಬಣ್ಣ ಒಂದೇ ಅಂತ ಅವಳಿಗೆ ಯಾರು ಹೇಳಬೇಕು? ನಾನು ಓಡಿಬಂದು ಒಂದೊಂದಾಗಿ ಎದೆಗವಚಿಕೊಳ್ಳುತ್ತಿರುವಾಗ ದಾಸವಾಳದ ಬೇಲಿಯಾಚೆಯಿಂದ ಪಕ್ಕದ ಮನೆ ಮೇಷ್ಟ್ರ ದನಿ:

"ಏನ್ರೀ ರಾಯರೇ, ಈ ಸಲ ಕರೀ ಹಪ್ಪಳಾನೂ ಮಾಡಿಸಿದ್ದೀರಾ?"

ಮೇಷ್ಟ್ರು ನಿವೃತ್ತರಾಗಿ ಹದಿನಾಲ್ಕು ವರ್ಷವಾಯಿತು. ಪ್ರಶ್ನೆ ಕೇಳುವುದು ಮಾತ್ರ ನಿಂತಿಲ್ಲ. ಮೇಲಿದ್ದ ಪ್ಲೇಟಿನ ಕವರನ್ನು ಬೇಲಿ ಮೇಲಿಂದಲೇ ಬಗ್ಗಿ ನೋಡಿ, "ಹೂಡೂ ಮ್ಯಾನ್ ಬ್ಲೂಸ್. ಯಾರಪ್ಪ ಇವನು? ಎಲ್ಲಿ ತಂದ್ರಿ?" ಎಂದರು.

ಶಿಕಾಗೋದಲ್ಲಿ, ಜಾಝ್ ರೆಕಾರ್ಡ್ ಮಾರ್ಟ್ ಅನ್ನೋ ಅಂಗಡಿಯಲ್ಲಿ, ಅಂದೆ. ಅಷ್ಟು ಹೇಳಿ ಒಳಗೆ ಹೋಗಬೇಕಿತ್ತು. ಹೋಗಲಿಲ್ಲ.

ಅದು 2009. ಮಗಳ ಬಾಣಂತನಕ್ಕೆ ಅಂತ ಇಬ್ಬರೂ ಹೋಗಿದ್ದೆವು. ಬಾಣಂತನದಲ್ಲಿ ಅಜ್ಜಿಗೆ ಕೈತುಂಬ ಕೆಲಸ; ಅಜ್ಜನಿಗೆ ಇರುವ ಕೆಲಸ ಒಂದೇ, ಅಡ್ಡ ಬಾರದಿರುವುದು. ಅಳಿಯ ನನಗೊಂದು ರೈಲ್ವೆ ಪಾಸು ಮಾಡಿಸಿಕೊಟ್ಟ. ರೆಡ್ ಲೈನ್ ಹಿಡಿದು ಗ್ರ್ಯಾಂಡ್ ಸ್ಟೇಷನ್ನಿನಲ್ಲಿ ಇಳಿದರೆ ನಾಲ್ಕು ಹೆಜ್ಜೆಗೆ ಇಲಿನಾಯ್ ಸ್ಟ್ರೀಟು, ಅಲ್ಲಿ ಈ ಅಂಗಡಿ.

"ನಿಮಗೆ ಈ ಜಾಝಿನ ಚಟ ಯಾವಾಗ ಹತ್ತಿಕೊಳ್ತು? ನಮ್ಮ ಮೈಸೂರಿನಲ್ಲಿ ಯಾರ ಮನೆಯಲ್ಲೂ ಕೇಳಿದ್ದಿಲ್ಲವಲ್ಲ."

ರೇಡಿಯೋ ಮೇಷ್ಟ್ರೇ. ರಾತ್ರಿ ಹೊತ್ತು ಶಾರ್ಟ್‌ವೇವ್ ತಿರುಗಿಸುತ್ತ ಕೂತರೆ ವಾಯ್ಸ್ ಆಫ್ ಅಮೆರಿಕಾದಲ್ಲಿ ವಿಲಿಸ್ ಕಾನೋವರ್ ಅಂತ ಒಬ್ಬರು ಬರುತ್ತಿದ್ದರು. 1955ರಿಂದ ಜಾಝ್ ಕಾರ್ಯಕ್ರಮ ನಡೆಸಿದವರು. ಎಷ್ಟು ನಿಧಾನಕ್ಕೆ ಮಾತಾಡುತ್ತಿದ್ದರು ಅಂದರೆ ನನ್ನ ಅರ್ಧಂಬರ್ಧ ಇಂಗ್ಲಿಷಿಗೂ ದಕ್ಕುತ್ತಿತ್ತು. ತಮಾಷೆ ಏನೆಂದರೆ, ಆ ರೇಡಿಯೋ ಹೊರದೇಶದವರಿಗಾಗಿ ಇದ್ದದ್ದು. ಸ್ವಂತ ಜನಕ್ಕೆ ಅದನ್ನು ಬಿತ್ತರಿಸಬಾರದು ಅಂತ ಅವರ ಕಾನೂನೇ ಇತ್ತು. ಹಾಗಾಗಿ ಆ ಅಂಗಡಿಯಲ್ಲಿ ನಾನು ದೊಡ್ಡದಾಗಿ ಕಾನೋವರ್ ಹೆಸರು ಹೇಳಿದರೆ ಅಮೆರಿಕದ ಹುಡುಗ ಪಿಳಿಪಿಳಿ ನೋಡಿದ. ತಲೆಯಾಡಿಸಿದ್ದು ಪಕ್ಕದಲ್ಲಿ ಪ್ಲೇಟು ತಡಕಾಡುತ್ತಿದ್ದ ಬಿಳಿಗಡ್ಡದ ಜರ್ಮನ್ ಮುದುಕ.

ಅಂಗಡಿಯ ಯಜಮಾನರು ಬಾಬ್ ಕೋಸ್ಟರ್. ನಾನು ಹೋದ ದಿನ ಇರಲಿಲ್ಲ, ಆದರೆ ಅವರ ಕಥೆ ಇತ್ತು. ಕನ್ಸಾಸಿನವರು, ಓದಲು ಸೇಂಟ್ ಲೂಯಿಗೆ ಬಂದವರು. ಹಾಸ್ಟೆಲ್ ಕೋಣೆಯಲ್ಲೇ ಹಳೇ ಪ್ಲೇಟುಗಳ ವ್ಯಾಪಾರ ಶುರುಮಾಡಿಕೊಂಡರು. ಓದು ಏನಾಗಿರಬಹುದು ಅಂತ ಮೇಷ್ಟ್ರಾದ ನಿಮಗೆ ನಾನು ಹೇಳಬೇಕಾಗಿಲ್ಲ. 1953ರಲ್ಲಿ ತಾವೇ ಪ್ಲೇಟು ಮುದ್ರಿಸಲು ಹೊರಟು, ಊರಿನ ಡೆಲ್ಮಾರ್ ರಸ್ತೆಯ ಹೆಸರನ್ನೇ ಕಂಪನಿಗೆ ಇಟ್ಟರು. ಮುಂದೆ ಅದೇ ಡೆಲ್‌ಮಾರ್ಕ್ ಆಯಿತು. ನಮ್ಮಲ್ಲಿ ಯಾರಾದರೂ ಕಂಪನಿ ತೆಗೆದು 'ಸಯ್ಯಾಜಿರಾವ್ ರೋಡ್' ಅಂತ ಹೆಸರಿಟ್ಟ ಹಾಗೆ. ಆಮೇಲೆ ಶಿಕಾಗೋಕ್ಕೆ ಬಂದು, 1959ರಲ್ಲಿ ಸೀಮೋರ್ಸ್ ಅನ್ನೋ ಅಂಗಡಿ ಕೊಂಡು, ಅದನ್ನೇ ಜಾಝ್ ರೆಕಾರ್ಡ್ ಮಾರ್ಟ್ ಮಾಡಿದರು.

ಅಂಗಡಿ ಜಾಗ ಬದಲಿಸುತ್ತ ಹೋಯಿತು. ಅದರಲ್ಲಿ ಗ್ರ್ಯಾಂಡ್ ಅವೆನ್ಯೂನಲ್ಲಿದ್ದ ಕಾಲವೇ ಕೃತಯುಗ ಅನ್ನುತ್ತಾರೆ ಹಳಬರು. ಅಲ್ಲಿ ನೆಲಮಾಳಿಗೆ ಇತ್ತು. ಮೇಲೆ ವ್ಯಾಪಾರ, ಕೆಳಗೆ ಸಂಸಾರ. ಒಂಬತ್ತು ತಂತಿ ಗಿಟಾರಿನ ಬಿಗ್ ಜೋ ವಿಲಿಯಮ್ಸ್ ಅಂತ ಬ್ಲೂಸಿನ ಹಿರೀಕ, ಅವರ ಜೊತೆಗೆ ಚಾರ್ಲಿ ಮಸಲ್‌ವೈಟ್ ಅಂತ ಚಿಕ್ಕ ಹುಡುಗ, ಇಬ್ಬರೂ ಆ ನೆಲಮಾಳಿಗೆಯಲ್ಲೇ ವಾಸ. ಹುಡುಗ ಮೊದಮೊದಲು ಶಿಕಾಗೋದಲ್ಲಿ ಹುಳಹುಪ್ಪಟೆಗೆ ಔಷಧಿ ಹೊಡೆಯುವವರ ಗಾಡಿ ಓಡಿಸುತ್ತಿದ್ದ. ಗಲ್ಲಿ ಗಲ್ಲಿ ಸುತ್ತುವಾಗ ಯಾವ ಕ್ಲಬ್ಬಿನಲ್ಲಿ ಯಾರ ಹಾಡು ಅಂತ ಗೋಡೆ ಮೇಲಿನ ಪೋಸ್ಟರ್ ಓದಿಕೊಂಡು ಬರುತ್ತಿದ್ದನಂತೆ. ಮುಂದೆ ಮೌತ್ ಆರ್ಗನ್ನಿನಲ್ಲಿ ದೊಡ್ಡ ಹೆಸರಾದ.

"ಗುರುಕುಲ ಅನ್ನಿ," ಎಂದರು ಮೇಷ್ಟ್ರು.

ಗುರುಕುಲ ಅಲ್ಲ, ಉಡುಪಿ ಹೋಟೆಲು ಅನ್ನಿ. ನಮ್ಮಲ್ಲಿ ಮಾಣಿಯಾಗಿ ಸೇರಿದವನು ಹತ್ತು ವರ್ಷದಲ್ಲಿ ಎದುರು ಬೀದಿಯಲ್ಲಿ ಸ್ವಂತ ಹೋಟೆಲು ತೆಗೆಯುವುದಿಲ್ಲವೇ? ಬ್ರೂಸ್ ಇಗ್ಲೌರ್ ಅಂತ ಒಬ್ಬರು ಕೋಸ್ಟರ್ ಹತ್ತಿರ ಪಾರ್ಸಲ್ ಕಟ್ಟುವ ಗುಮಾಸ್ತೆಯಾಗಿ ಸೇರಿದರು. ಹೌಂಡ್ ಡಾಗ್ ಟೇಲರ್ ಅನ್ನೋ ಹಾಡುಗಾರರ ಪ್ಲೇಟು ಮಾಡಿ, ಮಾಡಿ ಅಂತ ಯಜಮಾನರಿಗೆ ದುಂಬಾಲು ಬಿದ್ದರು. ಯಜಮಾನರು ಒಪ್ಪಲಿಲ್ಲ. ಸರಿ, 1971ರಲ್ಲಿ ಪಿತ್ರಾರ್ಜಿತವಾಗಿ ಬಂದ ಎರಡೂವರೆ ಸಾವಿರ ಡಾಲರನ್ನು ಸುರಿದು ತಾವೇ ಆ ಪ್ಲೇಟು ಮುದ್ರಿಸಿದರು. ಅಲಿಗೇಟರ್ ರೆಕಾರ್ಡ್ಸ್ ಹುಟ್ಟಿದ್ದು ಹಾಗೆ. ಇವತ್ತಿಗೂ ಬ್ಲೂಸ್ ಅಂದರೆ ಮುಂದೆ ನಿಲ್ಲುವ ಕಂಪನಿ ಅದು. ಅವತ್ತು ಯಜಮಾನರು 'ಹೂಂ' ಅಂದಿದ್ದರೆ ಪಾರ್ಸಲ್ ಕಟ್ಟಿಕೊಂಡೇ ಇರುತ್ತಿದ್ದರೋ ಏನೋ.

ಕೋಸ್ಟರ್ ಹಾಗಂತ ಅಂಜುಬುರುಕರೇನಲ್ಲ. ನನ್ನ ಕೈಯಲ್ಲಿರುವ ಈ ಹೂಡೂ ಮ್ಯಾನ್ ಬ್ಲೂಸ್ ಇದೆಯಲ್ಲ, 1965ರದ್ದು. ಜೂನಿಯರ್ ವೆಲ್ಸ್ ಹಾಡು ಮತ್ತು ಮೌತ್ ಆರ್ಗನ್, ಗಿಟಾರು ಬಡ್ಡಿ ಗೈ. ಬಡ್ಡಿ ಗೈ ಬೇರೆ ಕಂಪನಿಯ ಕರಾರಿನಲ್ಲಿದ್ದಾರೆ ಅನ್ನೋ ಭಯಕ್ಕೆ ಮೊದಲು ಕವರಿನ ಮೇಲೆ ಅವರ ಹೆಸರನ್ನೇ ಹಾಕದೆ 'ಫ್ರೆಂಡ್ಲಿ ಚಾಪ್' ಅಂತ ಅಚ್ಚು ಹಾಕಿಸಿದರು. 'ಸ್ನೇಹಜೀವಿ' ಅಂತ ಇಟ್ಟುಕೊಳ್ಳಿ.

"ಕಾವ್ಯನಾಮ!" ಮೇಷ್ಟ್ರು ಅರಳಿದರು. ಕನ್ನಡ ಮೇಷ್ಟ್ರಲ್ಲವೇ.

ಅದರ ಮರುವರ್ಷವೇ ರಾಸ್ಕೊ ಮಿಚೆಲ್ಲರ 'ಸೌಂಡ್'. ಅದನ್ನು ನಾನು ಮೂರು ಸಲ ಕೇಳಿದ್ದೇನೆ, ಮೂರು ಸಲವೂ ನಮ್ಮಾಕೆ ಕುಕ್ಕರ್ ಇಳಿಸಲು ಓಡಿದ್ದಾಳೆ. ಆಂಥೊನಿ ಬ್ರ್ಯಾಕ್ಸ್‌ಟನ್ ಅನ್ನೋರು ಪಕ್ಕವಾದ್ಯವೇ ಇಲ್ಲದೆ ಬರೀ ಒಂದು ಸ್ಯಾಕ್ಸೊಫೋನಿನಲ್ಲಿ ಎರಡು ಪ್ಲೇಟು ತುಂಬಿಸಿದರು. ಅದನ್ನೂ ಡೆಲ್‌ಮಾರ್ಕೇ ತಂದಿತು. ಅಂಥದ್ದು ಎಷ್ಟು ಜನಕ್ಕೆ ಬೇಕು? ಅದಕ್ಕೇ ಅಂಗಡಿ ಇಟ್ಟದ್ದು ಅಂತ ನನ್ನ ಲೆಕ್ಕ. ಅಂಗಡಿಯಲ್ಲಿ ಬಂದದ್ದನ್ನು ಕಂಪನಿಗೆ ಸುರಿಯುವುದು. ಗದ್ದೆಯ ಆದಾಯವನ್ನು ನಾಟಕದ ಕಂಪನಿಗೆ ಸುರಿದ ಜಮೀನ್ದಾರರನ್ನು ನಾವು ಕಂಡಿಲ್ಲವೇ.

ಆ ಜರ್ಮನ್ ಮುದುಕನ ವಿಷಯಕ್ಕೆ ಬರುತ್ತೇನೆ. ನನಗೆ ಅಂಗಡಿಗಿಂತ ಹೆಚ್ಚಾಗಿ ಉಳಿದಿರುವುದು ಅವನೇ. ಪ್ಲೇಟು ಎತ್ತುವುದನ್ನು ನೋಡಬೇಕಿತ್ತು ನೀವು. ಅಂಚು ಮಾತ್ರ ಮುಟ್ಟಿ, ಎರಡು ಅಂಗೈ ನಡುವೆ ಹಿಡಿದು, ದೀಪಕ್ಕೆ ಓರೆಯಾಗಿ ತಿರುಗಿಸುತ್ತಾನೆ. ಗೀರು ಇದ್ದರೆ ಕೂದಲೆಳೆ ಹಾಗೆ ಮಿನುಗುತ್ತದೆ. ಆಮೇಲೆ ಕನ್ನಡಕ ಹಣೆಗೇರಿಸಿ, ಹಾಡು ಮುಗಿದ ಮೇಲೆ ನಡುವೆ ನುಣ್ಣಗೆ ಉಳಿಯುವ ಜಾಗವನ್ನು ಓದುತ್ತಾನೆ. ಬ್ಲೂನೋಟ್ ಕಂಪನಿಯ ಹಳೇ ಪ್ಲೇಟಾದರೆ ಅಲ್ಲಿ 'ಆರ್‌ವಿಜಿ' ಅಂತ ಕೆತ್ತಿರುತ್ತದೆ, ರೂಡಿ ವ್ಯಾನ್ ಗೆಲ್ಡರ್ ಅನ್ನೋ ಧ್ವನಿ ತಜ್ಞರ ಸಹಿ. ಪಕ್ಕದಲ್ಲಿ ಕಿವಿಯಂಥ ಒಂದು ಗುರುತು. ಅದು ಅಚ್ಚುಹಾಕಿದ ಕಾರ್ಖಾನೆಯ 'ಪಿ' ಅಕ್ಷರ, ಕೈಬರಹದಲ್ಲಿ ಕಿವಿಯ ಹಾಗೆ ಕಾಣುತ್ತದೆ. ಕಿವಿ ಇದ್ದರೆ ಬೆಲೆಯೇ ಬೇರೆ. ನಮ್ಮ ಅಜ್ಜಿ ಚಿನ್ನದ ಸರದ ಕೊಂಡಿ ಹಿಂದಿನ ಮುದ್ರೆ ನೋಡುತ್ತಿದ್ದಳಲ್ಲ, ಥೇಟ್ ಹಾಗೆ.

"ಹಾಡು ಕೇಳಲ್ವೇ?"

ಕೇಳುತ್ತಾರೆ, ಪುರುಸೊತ್ತಾದಾಗ.

ಅವನು ಗ್ರ್ಯಾಂಡ್ ಅವೆನ್ಯೂ ಕಾಲದಿಂದ ಅಲ್ಲಿಗೆ ಬರುತ್ತಿದ್ದವನು. ನೆನಪು ಹೇಳು ಮಾರಾಯ ಅಂದರೆ ಏನು ಹೇಳಿದ ಗೊತ್ತೇ? ಕೊಂಡ ನೂರಾರು ಪ್ಲೇಟಿನ ಸುದ್ದಿಯೇ ಇಲ್ಲ. ಮೊದಲ ಸಲ ಬಂದಾಗ ಕಿವಿ ಗುರುತಿನ ಪ್ಲೇಟೊಂದು ಕೈಗೆ ಸಿಕ್ಕಿತ್ತಂತೆ, ದುಡ್ಡು ಸಾಲದೆ ಬಿಟ್ಟು, ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ನಿಂತನಂತೆ. ಹಿಂದಿನ ಸಂಜೆಯೇ ಯಾರೋ ಒಯ್ದಾಗಿತ್ತು. ಅದರ ಕವರಿನ ಮೂಲೆ ಎಲ್ಲಿ ಮುದುರಿತ್ತು ಅಂತ ಕೂಡ ಹೇಳಿದ. ಇನ್ನೊಬ್ಬ ಗಿರಾಕಿಯೂ ಸೇರಿಕೊಂಡ, ಅವನದ್ದೂ ಅದೇ ಗೋಳು, ಪ್ಲೇಟು ಮಾತ್ರ ಬೇರೆ. ಸೂತಕದ ಮನೆಯಲ್ಲಿ ಕೂತ ಹಾಗಿತ್ತು.

ಮೇಷ್ಟ್ರಿಗೆ ಗೌಹರ್ ಜಾನ್ ನೆನಪಾದರು. "ನಮ್ಮ ತಂದೆ ಹತ್ತಿರ ಅವರ ಒಂದು ಪ್ಲೇಟು ಇತ್ತು. ಹಾಡಿನ ಕೊನೆಗೆ 'ಮೈ ನೇಮ್ ಈಸ್ ಗೌಹರ್ ಜಾನ್' ಅಂತ ಹೇಳ್ತಿದ್ರು. ಜರ್ಮನಿಯಲ್ಲಿ ಪ್ಲೇಟು ಒತ್ತೋರಿಗೆ ಯಾರ ಹಾಡು ಅಂತ ಗೊತ್ತಾಗ್ಲಿ ಅಂತ. ಕೊನೆಗೆ ನಮ್ಮೂರಲ್ಲೇ, 1930ರಲ್ಲಿ, ತೀರಿಕೊಂಡ್ರಲ್ಲ. ಆ ಪ್ಲೇಟನ್ನ ನಮ್ಮಣ್ಣ ಹಳೇ ಪಾತ್ರೆಯೋರಿಗೆ ಹಾಕಿ ಸ್ಟೀಲ್ ಡಬ್ಬಿ ತಗೊಂಡ." ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.

ಡಬ್ಬಿ ಇದೆಯೇ ಅಂದೆ. "ಇದೆ. ಅದರಲ್ಲಿ ಹುಣಸೆಹಣ್ಣು."

ಈಗ ನನ್ನದು ಹೇಳಲೇಬೇಕಾಯಿತು.

ಆ ಅಂಗಡಿಯಲ್ಲಿ ಸಿಡಿಗಳ ಸಾಲಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 'ಮಹಾಂತಪ್ಪ' ಅನ್ನೋ ಹೆಸರು. ("ನಮ್ಮ ದಾವಣಗೆರೆ ಕಡೆ ಹೆಸರಲ್ವೇನ್ರೀ!") ರುದ್ರೇಶ್ ಮಹಾಂತಪ್ಪ, ಸ್ಯಾಕ್ಸೊಫೋನ್. ಶಿಕಾಗೋದಲ್ಲೇ ಓದಿದವರು. ಸ್ಯಾಕ್ಸೊಫೋನ್ ಕಲಿಯುವ ಹುಡುಗನಾಗಿದ್ದಾಗ ಅಣ್ಣ ತಮಾಷೆಗೆ ಅಂತ ನಮ್ಮ ಕದ್ರಿ ಗೋಪಾಲನಾಥರ ಸಿಡಿ ಕೊಟ್ಟರಂತೆ. ತಮಾಷೆ ಎಲ್ಲಿಗೆ ಹೋಯಿತೆಂದರೆ, 2008ರಲ್ಲಿ ಕದ್ರಿಯವರ ಜೊತೆಗೇ ಕೂತು 'ಕಿನ್ಸ್‌ಮೆನ್' ಅಂತ ಆಲ್ಬಂ ತಂದರು.

ಆ ಖುಷಿಯಲ್ಲೇ ಹಳೇ ಎಲ್‌ಪಿಗಳ ಪೆಟ್ಟಿಗೆಗೆ ಕೈ ಹಾಕಿದೆ. ಹತ್ತು ಹನ್ನೆರಡು ತಿರುವುವಷ್ಟರಲ್ಲಿ ಕೈ ನಿಂತಿತು. 'ಕರ್ನಾಟಕ ಕಾಲೇಜ್ ಆಫ್ ಪರ್ಕಷನ್' ಅಂತ ಕವರಿನ ಮೇಲೆ! 'ಜ್ಯೋತಿ' ಅಂತ ಪ್ಲೇಟಿನ ಹೆಸರು. ಮ್ಯೂನಿಕ್ಕಿನ ಇಸಿಎಂ ಕಂಪನಿಯದು, 1983ರಲ್ಲಿ ಮುದ್ರಿಸಿದ್ದು. ಬೆಂಗಳೂರಿನ ಆರ್. ಎ. ರಮಾಮಣಿಯವರ ಹಾಡು, ಟಿ. ಎ. ಎಸ್. ಮಣಿಯವರ ಮೃದಂಗ, ಖಂಜರಿ, ಘಟ, ಮೋರ್ಸಿಂಗ್, ಕೊನ್ನಕೋಲು. ಅವರೆಲ್ಲರ ನಡುವೆ ಬಾಸ್ಟನ್ನಿನ ಚಾರ್ಲಿ ಮಾರಿಯಾನೋ, ನಾಗಸ್ವರದ ಹುಚ್ಚು ಹಿಡಿದು ದಕ್ಷಿಣ ಭಾರತಕ್ಕೇ ಬಂದು ಕಲಿತ ಪುಣ್ಯಾತ್ಮ. ಬೆಲೆ ಹದಿನಾಲ್ಕು ಡಾಲರ್.

"ತಗೊಂಡ್ರಿ?"

ಇಲ್ಲ ಮೇಷ್ಟ್ರೇ. ನಮ್ಮ ಬೆಂಗಳೂರಿನವರದ್ದಲ್ಲವೇ, ಊರಿಗೆ ಹೋದರೆ ಸಿಕ್ಕೇ ಸಿಗುತ್ತೆ, ಇಲ್ಲಿಂದ ಹೊತ್ತುಕೊಂಡು ಹೋಗೋದೇನು ಅನ್ನಿಸಿತು. ಇಲ್ಲಿ ಮಾತ್ರ ಸಿಗೋದನ್ನ ತಗೊಳ್ಳೋಣ ಅಂತ ಈ ಹೂಡೂ ಮ್ಯಾನ್ ತಗೊಂಡೆ. ಈಗ ಇದು ಬೆರಳು ಒತ್ತಿದರೆ ಮನೆ ಬಾಗಿಲಿಗೆ ಬರುತ್ತೆ. ಆ ಜ್ಯೋತಿಯನ್ನ ಅವೆನ್ಯೂ ರೋಡ್ ಹಳೇ ಅಂಗಡಿಗಳಲ್ಲಿ ಎಷ್ಟು ಸಲ ಕೇಳಿದೆ! "ಯಾರ್ ಸಾರ್ ಅದು? ಪಿಕ್ಚರ್ರಾ?" ಅನ್ನುತ್ತಾರೆ.

ಪೂರ್ತಿ ಬಿಟ್ಟೂ ಬರಲಿಲ್ಲ ಅನ್ನಿ. ಜರ್ಮನಿಯವನು ಹೇಳಿಕೊಟ್ಟ ವಿದ್ಯೆ: ಮನಸ್ಸು ಹರಿಯದಿದ್ದರೆ ಯಾರೂ ಹುಡುಕದ ಸಾಲಿನಲ್ಲಿ ಅಡಗಿಸಿಡು. ಜಾಝ್ ಹುಚ್ಚರು ಭಕ್ತಿಗೀತೆ ತಿರುವುವುದಿಲ್ಲ. ಅವರ ಗಾಸ್ಪೆಲ್ ಸಾಲಿಗೆ ಹೋಗಿ, ಮಹಾಲಿಯಾ ಜಾಕ್ಸನ್ನರ ಹಿಂದೆ ತೂರಿಸಿ ಬಂದೆ. ಮುಂದಿನ ವಾರ ನೋಡಿದರಾಯಿತು ಅಂತ. ಮುಂದಿನ ವಾರ ಮಗುವಿಗೆ ಕಾಮಾಲೆ, ಆಸ್ಪತ್ರೆ, ನೀಲಿ ದೀಪ. ಅದರ ಮುಂದಿನ ವಾರ ವಿಮಾನ.

"ಈಗ ಹೋಗಿ ತರಬಹುದಲ್ಲ?"

ಅಂಗಡಿಯೇ ಇಲ್ಲ. ಬಾಡಿಗೆ ಏರುತ್ತ ಹೋಗಿ 2016ರಲ್ಲಿ ಮುಚ್ಚಿದರು. ದಾಸ್ತಾನನ್ನೆಲ್ಲ ಆನ್‌ಲೈನಿನಲ್ಲಿ ವ್ಯಾಪಾರ ಮಾಡುವವರು ಕೊಂಡರಂತೆ. ಎಂಬತ್ತು ದಾಟಿದ್ದರೂ ಕೋಸ್ಟರ್ ಸುಮ್ಮನಿರದೆ ಬೇರೆ ಬಡಾವಣೆಯಲ್ಲಿ ಮತ್ತೊಂದು ಪುಟ್ಟ ಅಂಗಡಿ ತೆಗೆದರು. 2021ರಲ್ಲಿ ತೀರಿಕೊಂಡರು. ಇಲ್ಲಿ ಮಣಿಯವರು ಅದಕ್ಕೂ ಒಂದು ವರ್ಷ ಮೊದಲೇ ಹೋದರು. ಬೆಂಗಳೂರಿನಲ್ಲೇ ಇದ್ದರೂ ಒಂದು ದಿನ ಹೋಗಿ ಕಂಡವನಲ್ಲ ನಾನು.

ಒಳಗಿಂದ ನಮ್ಮಾಕೆ, "ಆ ಪ್ಲೇಟು ಬಿಟ್ಟು ಈ ಹಪ್ಪಳ ತಿರುಗಿಸಿಹಾಕ್ತೀರಾ?" ಅಂದಳು. ತಿರುಗಿಸಿಹಾಕಿದೆ. ತಲೆ ಎತ್ತಿದರೆ ಮೇಷ್ಟ್ರು ಇನ್ನೂ ಬೇಲಿ ಹತ್ತಿರವೇ ನಿಂತಿದ್ದಾರೆ, ಕೈಯಲ್ಲಿ ಕರೆಂಟ್ ಬಿಲ್ಲು, ಬಿಲ್ಲಿನ ಹಿಂಬದಿಗೆ ಪೆನ್ನು.

"ಯಾರ ಹಿಂದೆ ಇಟ್ಟೆ ಅಂದ್ರಿ?"

"ಅಂಗಡಿಯೇ ಇಲ್ಲ ಅಂದೆನಲ್ಲ ಮೇಷ್ಟ್ರೇ."

"ಇರಲಿ ಹೇಳ್ರೀ. ನಮ್ಮಣ್ಣನ ಮೊಮ್ಮಗ ಶಿಕಾಗೋದಲ್ಲೇ ಇದ್ದಾನೆ."

ಮಹಾಲಿಯಾ ಜಾಕ್ಸನ್, ಅಂದೆ. ಮ, ಹಾ, ಅಂತ ಬಿಡಿಸಿ ಬರೆದುಕೊಂಡರು.