ವೇಷ ಕಟ್ಟಿದ್ದೇ ಬಂತು!

(ಫ್ಯಾಂಟಸಿ ವಿಡಿಯೋ ಗೇಮ್ ತೆರೆದ ಕೂಡಲೇ ಎದುರಾಗುವ ‘ಪಾತ್ರ ಆಯ್ಕೆ ಪರದೆ’ ನಮಗೆ ಸಿಕ್ಕಿದ್ದು ಅಹಮದಾಬಾದಿನ ಮಣಿನಗರದಲ್ಲಿ, ಕಾಸರಗೋಡು ಕಡೆಯಿಂದ ಹೋಗಿ ನೆಲೆಸಿದ ಕನ್ನಡ ಕುಟುಂಬವೊಂದರ ಮನೆಯಲ್ಲಿ. ತಂದೆಗೆ ಇಡ್ಲಿ-ದೋಸೆಯ ಹೋಟೆಲು. ಮಗ ಹತ್ತನೇ ತರಗತಿ ಮುಗಿಸಿ ಕೂತಿದ್ದಾನೆ. ಪರದೆ ಸಂಜೆಯಿಂದ ಉರಿಯುತ್ತಿದೆ. ಆಟ ಮಾತ್ರ ಶುರುವಾಗಿಲ್ಲ. ಹುಡುಗ ಊಟಕ್ಕೆ ಎದ್ದುಹೋದ ಹೊತ್ತಿನಲ್ಲಿ ನಡೆದ ಮಾತುಕತೆ.)

ಪ್ರಶ್ನೆ: ಬಿಡುವಾಗಿದ್ದೀರಾ?

ಪರದೆ: ಬಿಡುವೆಲ್ಲಿ ಬಂತು ಸ್ವಾಮಿ! ಬಾರ್ಬೇರಿಯನ್ನಿಗೂ ವಿಝಾರ್ಡಿಗೂ ನಡುವೆ ಹುಡುಗ ಮೌಸ್ ಓಡಿಸಿ ಓಡಿಸಿ ನನಗೆ ತಲೆಸುತ್ತು ಬಂದಿದೆ. ಈ ಬಾಲ್ಡರ್ಸ್ ಗೇಟ್ 3ರಲ್ಲಿ ಕ್ಲಾಸುಗಳೇ 12, ಸಾಲದ್ದಕ್ಕೆ ಹಂಚಲು 27 ಅಂಕ. 1974ರಲ್ಲಿ ನಮ್ಮ ವಂಶದ ಮೂಲಪುರುಷ ಡಂಜನ್ಸ್ ಅಂಡ್ ಡ್ರಾಗನ್ಸ್ ಹುಟ್ಟಿದಾಗ ಇದ್ದವರು ಮೂರೇ ಜನ: ಯೋಧ, ಮಾಂತ್ರಿಕ, ಪೂಜಾರಿ. ಮರುವರ್ಷ ಕಳ್ಳನನ್ನೂ ಸೇರಿಸಿಕೊಂಡರು. ಅಲ್ಲಿಗೆ ಸಮಾಜ ಪೂರ್ತಿಯಾಯಿತು.

ಪ್ರಶ್ನೆ: ಆಯ್ಕೆ ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೇ?

ಪರದೆ: ಆಡುವವನಿಗೆ ಒಳ್ಳೆಯದು. ಇವನು ಆಡುವುದಿಲ್ಲ, ಬಿಲ್ಡ್ ಗೈಡಿನ ವಿಡಿಯೋ ನೋಡುತ್ತಾನೆ. ಬಲ ಹದಿನೇಳಕ್ಕೆ ಏರಿಸು, ಬುದ್ಧಿ ಎಂಟಕ್ಕೆ ಇಳಿಸು ಅಂತ ಅದರಲ್ಲಿ ಯಾರೋ ಹೇಳುತ್ತಾನೆ. ಊರೂರಿನ ಮಕ್ಕಳೆಲ್ಲ ತಮ್ಮ ಸ್ವಂತ ಕಲ್ಪನೆಯಿಂದ ಅದೇ ಒಬ್ಬ ದಡ್ಡ ಜಟ್ಟಿಯನ್ನು ಸೃಷ್ಟಿಸುತ್ತಾರೆ. ಸ್ಕೈರಿಮ್ ಆಟದವರು 2011ರಲ್ಲಿ ಕ್ಲಾಸುಗಳನ್ನೇ ಕಿತ್ತುಹಾಕಿ, ಯಾರು ಏನು ಬೇಕಾದರೂ ಆಗಿ ಎಂದರು. ಎಲ್ಲರೂ ಕತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಬಾಣ ಬಿಡುವವರೇ ಆದರು.

ಪ್ರಶ್ನೆ: ಗುಜರಾತಿನ ಮೂರು ದೊಡ್ಡ ಊರುಗಳಲ್ಲೂ ನಿಮ್ಮ ಓಡಾಟವಿದೆ. ಆಟಗಾರರಲ್ಲಿ ವ್ಯತ್ಯಾಸ ಕಾಣುತ್ತದೆಯೇ?

ಪರದೆ: ಕಾಣದೆ ಇರುತ್ತದೆಯೇ! ಬಾಲ್ಡರ್ಸ್ ಗೇಟ್ 3ರಲ್ಲಿ ತೆಗೆದುಕೊಂಡ ಕ್ಲಾಸ್ ಬೇಡವಾದರೆ ಬಿಡಾರದಲ್ಲಿ ವಿದರ್ಸ್ ಎಂಬ ಅಸ್ಥಿಪಂಜರವಿದೆ. 100 ಚಿನ್ನದ ನಾಣ್ಯ ಕೊಟ್ಟರೆ ಎಲ್ಲ ಅಳಿಸಿ ಹೊಸದಾಗಿ ಕಟ್ಟಿಕೊಡುತ್ತದೆ. ಅಹಮದಾಬಾದಿನವನು ನಾಣ್ಯ ಕೊಡುತ್ತಾನೆ, ಕೆಲಸ ಮಾಡಿಸಿಕೊಳ್ಳುತ್ತಾನೆ, ಆಮೇಲೆ ಅದೇ ಅಸ್ಥಿಪಂಜರದ ಜೇಬಿಗೆ ಕೈಹಾಕಿ ಆ ನೂರನ್ನು ವಾಪಸ್ ತೆಗೆಯುತ್ತಾನೆ. ಈ ಉಪಾಯ ಜಗತ್ತಿನ ಆಟಗಾರರಿಗೆಲ್ಲ ಗೊತ್ತು. ಆದರೆ ಉಳಿದವರು ಕಳ್ಳತನವೆಂದು ಮಾಡುತ್ತಾರೆ, ಇಲ್ಲಿಯವರು ರಿಯಾಯಿತಿ ಎನ್ನುತ್ತಾರೆ.

ವಡೋದರದ ಕಥೆ ಬೇರೆ. ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಲಲಿತಕಲೆ ಓದುವ ಹುಡುಗಿಯೊಬ್ಬಳು ಎಲ್ಡನ್ ರಿಂಗ್ ಆಟ ತೆರೆದಳು. ಮೂಗಿನ ಎತ್ತರ, ಹುಬ್ಬಿನ ಬಾಗು, ಕೆನ್ನೆಯ ಮೂಳೆ, ಒಂದೊಂದಕ್ಕೂ ಅದರಲ್ಲಿ ಬೇರೆ ಬೇರೆ ಗುಂಡಿ. ಮಧ್ಯಾಹ್ನ ಕೂತವಳು ದೀಪ ಹಚ್ಚುವ ಹೊತ್ತಿಗೆ ಮುಖ ಮುಗಿಸಿದಳು. ಏನು ಚೆಂದ ಅಂತೀರಿ! ಮೊದಲು ಸಿಕ್ಕಿದ ಕಬ್ಬಿಣದ ಶಿರಸ್ತ್ರಾಣ ತೊಡಿಸಿದಳು ನೋಡಿ, ಗಲ್ಲದವರೆಗೆ ಮುಚ್ಚಿಹೋಯಿತು. ನಿಮ್ಮ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದವರೂ ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಚುಟ್ಟಿ ಇಡುತ್ತಾರೆ, ನಿಜ. ಆದರೆ ಅವರು ಕೊನೆಗೆ ತೆರೆ ಸರಿಸಿ ಮುಖ ತೋರಿಸುತ್ತಾರಲ್ಲ!

ಪ್ರಶ್ನೆ: ಸೂರತ್ತಿನವರು?

ಪರದೆ: ನನ್ನನ್ನು ಬೇಗ ದಾಟಿಹೋಗುವವರು ಅವರೊಬ್ಬರೇ. ರಿಂಗ್ ರೋಡಿನ ಸೀರೆ ಮಾರುಕಟ್ಟೆಯ ನಾಲ್ವರು ಗೆಳೆಯರು ಒಟ್ಟಿಗೆ ಬಂದರು. ನಾಲ್ವರೂ ಪ್ಯಾಲಡಿನ್, ಅಂದರೆ ಧರ್ಮಯೋಧರು. ಒಬ್ಬರಾದರೂ ಪೂಜಾರಿಯಾಗಿ, ಗಾಯಕ್ಕೆ ಮದ್ದು ಯಾರು ಮಾಡುತ್ತಾರೆ ಎಂದೆ. ಖರೀದಿಸುತ್ತೇವೆ ಎಂದರು. ಕವಚಕ್ಕೆ ಹಾಕುವ ಬಣ್ಣದ ಸೀಸೆಗಳನ್ನು ಸಗಟಿನಲ್ಲಿ ಕೊಂಡು ನಾಲ್ವರೂ ಒಂದೇ ಶೇಡ್ ಮಾಡಿಕೊಂಡರು. ಬಾಲ್ಡರ್ಸ್ ಗೇಟ್ 3ರಲ್ಲಿ ರಾತ್ರಿ ಪೂರ್ತಿ ವಿಶ್ರಾಂತಿ ಬೇಕಾದರೆ 40 ಅಂಕದಷ್ಟು ಆಹಾರ ಒಪ್ಪಿಸಬೇಕು. ಊಟಕ್ಕೆ ಸೂರತ್, ಸಾವಿಗೆ ಕಾಶಿ ಅನ್ನುವ ಗಾದೆಯ ಊರಲ್ಲವೇ? ತಿಂಡಿ ಹೊತ್ತೂ ಹೊತ್ತೂ ಭಾರಕ್ಕೆ ನಾಲ್ವರೂ ಕಾಲು ಕಿತ್ತಿಡಲಾಗದೆ ನಿಂತರು. ಸಂತೋಷವಾಗಿದ್ದರು.

ಪ್ರಶ್ನೆ: 2019ರ ಮಾರ್ಚಿನಲ್ಲಿ ಮೊಬೈಲ್ ಆಟ ಪಬ್‌ಜಿ ನಿಷೇಧವಾಗಿ ರಾಜ್‌ಕೋಟಿನಲ್ಲಿ ಹತ್ತು ಮಂದಿಯ ಬಂಧನವಾಯಿತು. ಅಹಮದಾಬಾದಿನಲ್ಲೂ ಆದೇಶ ಹೊರಟಿತು. ಆಗ ನಿಮಗೆ ಭಯವಾಗಲಿಲ್ಲವೇ?

ಪರದೆ: ಅವರು ಆಡುತ್ತಿದ್ದರು, ಸಿಕ್ಕಿಬಿದ್ದರು. ನನ್ನೆದುರು ಕೂತವನ ಮೇಲೆ ಯಾವ ಸೆಕ್ಷನ್ ಹಾಕುತ್ತೀರಿ? ಅವನಿನ್ನೂ ಹುಬ್ಬು ತಿದ್ದುತ್ತಿದ್ದಾನೆ.

ಪ್ರಶ್ನೆ: ಬೇಕೆಂದಾಗ ಕ್ಲಾಸ್ ಬದಲಿಸಲು ಬಿಟ್ಟು ಮಕ್ಕಳನ್ನು ಹಾಳು ಮಾಡಿದ್ದೀರಿ ಎಂದು ಹಿರಿಯರ ದೂರು.

ಪರದೆ: ಹಿರಿಯರು ನಮ್ಮ ಡಯಾಬ್ಲೊ 2 ನೋಡಬೇಕಿತ್ತು. 2000ದಲ್ಲಿ ಬಂದದ್ದು. ಒಂದು ಅಂಕ ತಪ್ಪು ಕಡೆ ಹಾಕಿದರೆ ಮುಗಿಯಿತು, ಮತ್ತೆ ಮೊದಲಿನಿಂದ ಹುಟ್ಟಿಬರಬೇಕು. 2010ರಲ್ಲಿ ಅವರಿಗೂ ಕರುಣೆ ಬಂತು, ತಿದ್ದಿಕೊಳ್ಳಲು ದಾರಿ ಬಿಟ್ಟರು. ರಾಕ್ಷಸರ ಆಟವೇ ಹತ್ತು ವರ್ಷದಲ್ಲಿ ಮೆತ್ತಗಾಯಿತು. ಈ ಮನೆಯಲ್ಲಿ ನೋಡಿ, ಹುಡುಗನಿಗೆ ಹದಿನಾರು ತುಂಬುವ ಮೊದಲೇ ಎ ಗ್ರೂಪೋ ಬಿ ಗ್ರೂಪೋ ಎಂದು ದಿನವೂ ವಿಚಾರಣೆ. ಗುಜರಾತ್ ಬೋರ್ಡಿನ ಸೈನ್ಸಿನಲ್ಲಿ ಗಣಿತಕ್ಕೆ ಎ, ಜೀವಶಾಸ್ತ್ರಕ್ಕೆ ಬಿ; ಎರಡನ್ನೂ ಬಿಡಲಾಗದವರಿಗೆ ಎಬಿ. ನಮ್ಮಲ್ಲಿ ಅದಕ್ಕೆ ಮಲ್ಟಿಕ್ಲಾಸ್ ಎನ್ನುತ್ತೇವೆ. ಬಾಲ್ಡರ್ಸ್ ಗೇಟ್ 3ರಲ್ಲಿ ಒಟ್ಟು ಲೆವೆಲ್ 12ಕ್ಕೆ ನಿಲ್ಲುತ್ತದೆ, ಎರಡು ದೋಣಿಯಲ್ಲಿ ಕಾಲಿಟ್ಟವನಿಗೆ ಎರಡರ ತುದಿಯೂ ಸಿಗುವುದಿಲ್ಲ. ಅಮ್ಮನ ಆಯ್ಕೆ ಎಬಿ.

ಪ್ರಶ್ನೆ: ಹಾಗಾದರೆ ಹುಡುಗನಿಗೆ ಯಾವ ಕ್ಲಾಸ್ ಸೂಚಿಸುತ್ತೀರಿ?

ಪರದೆ: ಎಲ್ಡನ್ ರಿಂಗಿನಲ್ಲಿ ಹತ್ತು ಕ್ಲಾಸುಗಳಿವೆ. ಕೊನೆಯದು ರೆಚ್, ಅಂದರೆ ಗತಿಗೆಟ್ಟವನು. ಲೆವೆಲ್ ಒಂದು, ಎಲ್ಲ ಗುಣವೂ ಹತ್ತು ಹತ್ತು, ಕೈಯಲ್ಲೊಂದು ದೊಣ್ಣೆ. ಮೈಮೇಲೆ ನೆಟ್ಟಗೆ ಬಟ್ಟೆಯೂ ಇಲ್ಲ. ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗ ಮೊದಲು ಕೋಡಂಗಿಯಾಗಿ ಕುಣಿದು, ಆಮೇಲೆ ಬಾಲಗೋಪಾಲನಾಗಿ, ಒಂದೊಂದೇ ಮೆಟ್ಟಿಲು ಹತ್ತಬೇಕಿತ್ತಲ್ಲ, ಹಾಗೆ. ಕೋಡಂಗಿಗೆ ಬಿಲ್ಡ್ ಗೈಡ್ ಯಾರೂ ಬರೆದಿರಲಿಲ್ಲ. ಆದರೆ ಈ ಸಲಹೆಯನ್ನು ಮೊನ್ನೆ ಹುಡುಗನ ತಂದೆಯೆದುರು ಹೇಳಿ ಕೆಟ್ಟೆ.

ಪ್ರಶ್ನೆ: ಬೈದರೇ?

ಪರದೆ: ಇಲ್ಲ, ಕನ್ನಡಕ ಹಾಕಿಕೊಂಡು ಬಂದು ಕೂತರು. ಮಗ ಸೈನ್ಸೇ ಓದಬೇಕೆಂದು ಹಟ ಹಿಡಿದಿರುವ ಮನುಷ್ಯ ಬಾಲ್ಡರ್ಸ್ ಗೇಟ್‌ನ 12 ಕ್ಲಾಸುಗಳ ವಿವರಣೆಯನ್ನೂ ಓದಿ ಮುಗಿಸಿ, “ಇದರಲ್ಲಿ ಕಾಮರ್ಸ್ ಯಾವುದು?” ಎಂದರು. ಕಾಮರ್ಸ್ ಆಟಗಾರರಿಗಿಲ್ಲ ಎಂದೆ. ಅಂಗಡಿಯವನ ಪಾತ್ರ ಕಂಪ್ಯೂಟರಿನದು. ವೀರರು ಸತ್ತು ಬದುಕಿ ಹೊತ್ತುತಂದ ಚಿನ್ನವೆಲ್ಲ ಕೊನೆಗೆ ಸೇರುವುದು ಅವನ ಗಲ್ಲಾಪೆಟ್ಟಿಗೆಗೆ. ಅವರ ಮುಖ ಅರಳಿತು. ಆ ಪಾತ್ರ ಕೊಡುವ ಆಟವಿದ್ದರೆ ಹೇಳು ಎಂದರು. ಇದೆ, ಮೂನ್‌ಲೈಟರ್ ಅಂತ, 2018ರದ್ದು. ಹಗಲು ಅಂಗಡಿ ನಡೆಸಬೇಕು, ರಾತ್ರಿ ಗುಹೆಗೆ ಹೋಗಿ ರಾಕ್ಷಸರನ್ನು ಕೊಂದು ಸರಕು ತರಬೇಕು ಎಂದೆ.

ಪ್ರಶ್ನೆ: ಅದಕ್ಕೇನೆಂದರು?

ಪರದೆ: “ಗುಹೆಗೆ ಓನರ್ ಯಾಕೆ ಹೋಗಬೇಕು? ಒಬ್ಬ ಹುಡುಗನನ್ನು ಇಟ್ಟರಾಯಿತು” ಎಂದು ಲೈಟ್ ಆರಿಸಿ ಹೋದರು.