ಕಟಾಫ್ ರಾಯರು

ಏಪ್ರಿಲ್‌ನಲ್ಲಿ ಪಿಯುಸಿ ಫಲಿತಾಂಶ, ಮೇ ಕೊನೆಗೋ ಜೂನ್ ಮೊದಲಿಗೋ ಸಿಇಟಿ ರ‍್ಯಾಂಕ್. ಇವೆರಡರ ನಡುವೆ ಮೈಸೂರಿಗೆ ಬಾದಾಮಿ ಮಾವು ಬರುತ್ತದೆ, ಮದುವೆ ಕರೆಯೋಲೆ ಬರುತ್ತದೆ, ಕಟಾಫ್ ರಾಯರು ಬರುತ್ತಾರೆ. ಮಾವು ಕೆಲವು ವರ್ಷ ಕೈಕೊಡುವುದುಂಟು. ರಾಯರು ಕೈಕೊಟ್ಟ ವರ್ಷವಿಲ್ಲ.

ಅವರ ನಿಜವಾದ ಹೆಸರು ಈಗ ಅಂಚೆಯವನಿಗೆ ಮಾತ್ರ ಗೊತ್ತು. ಹಾಗಂತ ಇಂಥ ರಾಯರು ನಮ್ಮ ಬಡಾವಣೆಯೊಂದಕ್ಕೇ ಒಲಿದ ಭಾಗ್ಯವೇನಲ್ಲ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಬ್ಬರಿದ್ದಾರೆ, ದಾವಣಗೆರೆಯ ಬೆಣ್ಣೆದೋಸೆ ಹೋಟೆಲಿನ ಮೂಲೆ ಮೇಜಿನಲ್ಲಿ ಒಬ್ಬರಿದ್ದಾರೆ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಂತೂ ಬ್ಲಾಕಿಗೊಬ್ಬರು. ಬ್ಯಾಂಕಿನಿಂದಲೋ ವಿಮಾ ಕಚೇರಿಯಿಂದಲೋ ನಿವೃತ್ತರಾಗಿರುತ್ತಾರೆ. ಎಂಜಿನಿಯರಿಂಗ್ ಓದಿದವರಂತೂ ಆಗಿರುವುದಿಲ್ಲ. ಓದಿದವರಿಗೆ ಆ ವಿಷಯದಲ್ಲಿ ಅಷ್ಟು ಉತ್ಸಾಹ ಉಳಿದಿರುವುದಿಲ್ಲ.

ಪರೀಕ್ಷೆ ಬರೆದ ಮಗು ಯಾವ ಮನೆಯಲ್ಲಿದೆ ಎಂಬುದನ್ನು ರಾಯರಿಗೆ ಯಾರೂ ಹೇಳಬೇಕಾಗಿಲ್ಲ. ಎರಡು ವರ್ಷದಿಂದ ಕೇಬಲ್ ಕಿತ್ತುಹಾಕಿದ ಮನೆ, ನೆಂಟರನ್ನು ಕರೆಯದ ಮನೆ, ಗೌರಿಹಬ್ಬಕ್ಕೂ ಟೆಸ್ಟ್ ಸೀರೀಸ್ ಇದ್ದ ಮನೆ ಅವರ ಕಣ್ಣಿಗೆ ಬಿದ್ದಿರುತ್ತದೆ. ಗೇಟು ತೆಗೆದು, ಚಪ್ಪಲಿ ಬಿಟ್ಟು, ಹೆಗಲಿನ ಬಟ್ಟೆಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ. ಚೀಲದೊಳಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂರು ವರ್ಷದ ಕಟಾಫ್ ಪಟ್ಟಿಯ ಜೆರಾಕ್ಸ್ ಇರುತ್ತದೆ. ಹಳದಿ ಗೆರೆ ಎಳೆದದ್ದು ಆಸೆ, ಹಸಿರು ಎಳೆದದ್ದು ಭರವಸೆ. ಕೆಂಪು ಗೆರೆ ಎಳೆದದ್ದನ್ನು ತಂದೆತಾಯಿಗೆ ತೋರಿಸುವುದಿಲ್ಲ.

ಮೊದಲು ಅಂಕ ಕೇಳುತ್ತಾರೆ. ಆಮೇಲೆ ಕಾಫಿ ಬರುವವರೆಗೆ ಸುಮ್ಮನಿರುತ್ತಾರೆ. ಒಂದು ಗುಟುಕು ಇಳಿದ ಮೇಲೆ ಸೀಲಿಂಗ್ ಫ್ಯಾನ್ ನೋಡುತ್ತಾ, "ನಿಮ್ಮದು ಜಿಎಂ ತಾನೆ?" ಎನ್ನುತ್ತಾರೆ. ಎಷ್ಟೋ ವರ್ಷದಿಂದ ಎದುರುಬದುರು ಇದ್ದೂ ಒಬ್ಬರ ಜಾತಿಯನ್ನು ಇನ್ನೊಬ್ಬರು ಬಾಯಿಬಿಟ್ಟು ಕೇಳದ ಸಭ್ಯರು ನಾವು. (ಗೊತ್ತಿರಲಿಲ್ಲ ಎಂದಲ್ಲ.) ಜಾತಿ ಕೇಳುವುದು ಅಸಭ್ಯ, ಕೆಟಗರಿ ಕೇಳುವುದು ಕೌನ್ಸೆಲಿಂಗ್. ನೀವು 3ಬಿ ಅಂದಿರೋ, "ಬರೀ 3ಬಿ ಅಂದ್ರೆ ಹೇಗೆ ಸ್ವಾಮಿ? 3ಬಿ-ಜಿಯೋ, 3ಬಿ-ಆರೋ, 3ಬಿ-ಕೆಯೋ?" ಕೊನೆಯ ಅಕ್ಷರದಲ್ಲೇ ಇದೆ ಮೋಕ್ಷ. ಜಿ ಅಂದರೆ ಸಾಮಾನ್ಯ, ಆರ್ ಅಂದರೆ ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರು, ಕೆ ಅಂದರೆ ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರು. ಕಲ್ಯಾಣ ಕರ್ನಾಟಕದವರಾದರೆ 371(ಜೆ) ಬೇರೆ. ಆದಾಯ 8 ಲಕ್ಷದೊಳಗಿದ್ದರೆ ಶುಲ್ಕ ವಿನಾಯಿತಿಯ ಎಸ್‌ಎನ್‌ಕ್ಯೂ ಬೇರೆ. ಕಾಫಿ ಮುಗಿಯುವುದರೊಳಗೆ ಊರು, ಕುಲ, ಮಗು ಓದಿದ ಶಾಲೆ, ಅಪ್ಪನ ಸಂಬಳ ಎಲ್ಲ ಟೀಪಾಯಿಯ ಮೇಲಿರುತ್ತದೆ. ಜನಗಣತಿಯವರಿಗೆ ಹೇಳದ್ದನ್ನೆಲ್ಲ ನಾವು ರಾಯರಿಗೆ ಹೇಳಿಬಿಟ್ಟಿರುತ್ತೇವೆ.

ಲೆಕ್ಕದಲ್ಲಿ ಮಾತ್ರ ಅವರು ಪಕ್ಕಾ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತ, ರಸಾಯನ, ಗಣಿತದ 300 ಅಂಕದ್ದು ಅರ್ಧ ತೂಕ. ಸಿಇಟಿಯ 180 ಅಂಕದ್ದು ಇನ್ನರ್ಧ. "ಅಂದ್ರೆ ಸಿಇಟಿಯ 3 ಪ್ರಶ್ನೆ ಪಿಯುಸಿಯ 5 ಅಂಕಕ್ಕೆ ಸಮ. ತಿಳೀತಾ?" ಎನ್ನುತ್ತಾರೆ. ಬೇಕಾದರೆ ಮಾಡಿ ನೋಡಿ, ಸರಿಯಾಗಿಯೇ ಇದೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಅವರ ಮುಂದಿನ ಪ್ರಶ್ನೆ, "ಒಂದನ್ನೂ ಖಾಲಿ ಬಿಟ್ಟಿಲ್ಲ ತಾನೆ?" ಗೊತ್ತಿಲ್ಲದ್ದನ್ನು ಬಿಟ್ಟೆ ಎಂದು ನಿಜ ಹೇಳಿದ ಒಬ್ಬ ಹುಡುಗನನ್ನು ಅವರು ನೋಡಿದ ನೋಟ ನನಗೆ ನೆನಪಿದೆ. ಇಷ್ಟು ಪ್ರಾಮಾಣಿಕತೆ ಇಟ್ಟುಕೊಂಡು ಇವನು ಎಂಜಿನಿಯರ್ ಆಗಿ ಏನು ಮಾಡುತ್ತಾನೆ ಎಂಬ ಮರುಕ ಅದರಲ್ಲಿತ್ತು.

ಜೆಇಇ ವಿಷಯದಲ್ಲಿ ರಾಯರದು ಕಟುಸತ್ಯ. 90 ಪರ್ಸೆಂಟೈಲ್ ಬಂತೆಂದು ಧಾರವಾಡ ಪೇಡೆ ಹಂಚುತ್ತಿದ್ದ ಮನೆಯಲ್ಲಿ ಒಂದು ಪೇಡೆ ತಿಂದು, ಇನ್ನೊಂದನ್ನು ಕೈಯಲ್ಲಿ ಹಿಡಿದು, "ಪರ್ಸೆಂಟೈಲ್ ಅಂದ್ರೆ ಪರ್ಸೆಂಟ್ ಅಲ್ಲ ಸಾರ್. ಹತ್ತು ಲಕ್ಷದ ಮೇಲೆ ಜನ ಬರೀತಾರೆ. ನಿಮ್ಮ ಮಗನ ಮುಂದೆ ಒಂದು ಲಕ್ಷಕ್ಕೂ ಹೆಚ್ಚು ಜನ ನಿಂತಿದ್ದಾರೆ" ಎಂದರು. ಪೇಡೆಯ ಡಬ್ಬ ಒಳಗೆ ಹೋಯಿತು. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಅರ್ಧ ಸೀಟು ರಾಜ್ಯದವರಿಗೇ ಇದೆಯಲ್ಲ ಎಂದು ಆ ತಾಯಿ ಕೇಳಿದ್ದಕ್ಕೆ, "ಸಮುದ್ರ ನೋಡೋಕೆ ರ‍್ಯಾಂಕ್ ಬೇಡಮ್ಮಾ, ಒಂದು ಸಲ ಎಲ್ಲರೂ ಹೋಗಿಬನ್ನಿ" ಎಂದರಂತೆ.

ಇಂಥ ಖಡಾಖಂಡಿತ ಮಾತು ಜೆಇಇಗೆ ಮಾತ್ರ. ಸಿಇಟಿ ಸೀಟು ಸಿಗುತ್ತದೋ ಇಲ್ಲವೋ ಎಂದು ಕೇಳಿದರೆ ಅವರ ಉತ್ತರ ಒಂದೇ: "ಎಂಬತ್ತು ಪರ್ಸೆಂಟ್ ಸಿಗುತ್ತೆ." ಆರ್‌ವಿಯ ಕಂಪ್ಯೂಟರ್ ಸೈನ್ಸಿಗೂ ಎಂಬತ್ತು, ಹೆಸರೇ ಕೇಳದ ಕಾಲೇಜಿನ ಮೆಕ್ಯಾನಿಕಲ್ಲಿಗೂ ಎಂಬತ್ತು. ಎಂಬತ್ತರಲ್ಲಿರುವ ಜಾಣತನ ನೋಡಿ. ಸಿಕ್ಕರೆ ರಾಯರು ಮೊದಲೇ ಹೇಳಿದ್ದರು. ಸಿಗದಿದ್ದರೆ ಉಳಿದ ಇಪ್ಪತ್ತನ್ನೂ ಅವರೇ ಹೇಳಿದ್ದರು.

ಹೋದ ವರ್ಷದ ಕಟಾಫೇ ಅವರ ಪಂಚಾಂಗ. ಯಾವ ಕಾಲೇಜಿನ ಯಾವ ಬ್ರ್ಯಾಂಚಿಗೆ ಯಾವ ಕೆಟಗರಿಯಲ್ಲಿ ಕೊನೆಯ ಸೀಟು ಎಷ್ಟನೇ ರ‍್ಯಾಂಕಿಗೆ ಹೋಯಿತು ಎಂಬುದೆಲ್ಲ ಅದರಲ್ಲಿದೆ. ಒಂದೇ ತೊಡಕೆಂದರೆ ಈ ಪಂಚಾಂಗವನ್ನು ಗ್ರಹಗಳೂ ಓದುತ್ತವೆ. ಹೋದ ವರ್ಷ ಒಂದು ಕಾಲೇಜಿನಲ್ಲಿ ಇನ್‌ಫರ್ಮೇಶನ್ ಸೈನ್ಸ್ ಸ್ವಲ್ಪ ಸಡಿಲವಾಗಿ ಸಿಕ್ಕಿತ್ತು ಎಂದು ರಾಜ್ಯದ ಎಲ್ಲ ರಾಯರುಗಳೂ ಪಟ್ಟಿ ನೋಡಿ ಪತ್ತೆಹಚ್ಚುತ್ತಾರೆ, ಎಲ್ಲರೂ ತಂತಮ್ಮ ಶಿಷ್ಯರನ್ನು ಅಲ್ಲಿಗೇ ನೂಕುತ್ತಾರೆ, ಈ ವರ್ಷ ಅದು ಬಿಗಿಯಾಗಿ ಕೂರುತ್ತದೆ. ಆಗ ರಾಯರು ತಲೆಯಾಡಿಸಿ, "ಈ ವರ್ಷ ಟ್ರೆಂಡೇ ಬೇರೆ" ಎನ್ನುತ್ತಾರೆ. ಆ ಟ್ರೆಂಡಿನಲ್ಲಿ ತಮ್ಮದೂ ಒಂದು ಪಾಲಿದೆ ಎಂಬ ಅನುಮಾನ ಅವರಿಗೆ ಬಂದಂತಿಲ್ಲ.

ಸರ್ಕಾರವೂ ಅವರಿಗೆ ಕಡಿಮೆ ಕಾಟ ಕೊಟ್ಟಿಲ್ಲ. 2021ರಲ್ಲಿ ಕೊರೋನಾ ಎಂದು ಪಿಯುಸಿ ಪರೀಕ್ಷೆಯನ್ನೇ ಬಿಟ್ಟರು; ಬರೀ ಸಿಇಟಿ ಅಂಕದ ಮೇಲೆ ರ‍್ಯಾಂಕ್. ರಾಯರ ಮೂರಕ್ಕೈದರ ಸೂತ್ರ ಆ ವರ್ಷ ಬೀರುವಿನಲ್ಲೇ ಉಳಿಯಿತು. 2022ರಲ್ಲಿ, ಹಿಂದಿನ ವರ್ಷ ಪಾಸಾಗಿ ಮತ್ತೆ ಸಿಇಟಿ ಬರೆದವರ ಪಿಯುಸಿ ಅಂಕ ಗಣನೆಗಿಲ್ಲ ಎಂದಾಗ ಮಕ್ಕಳು ಹೈಕೋರ್ಟಿಗೆ ಹೋದರು. ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದಷ್ಟು ದಿನ ಪಾರ್ಕಿನ ಕಲ್ಲುಬೆಂಚಿನ ಮೇಲೆ ಇನ್ನೊಂದು ಪೀಠ ಕೂತಿತ್ತು. 2024ರಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದು, ಗಲಾಟೆಯಾಗಿ, ಎಲ್ಲ ವಿಷಯ ಸೇರಿ 50 ಪ್ರಶ್ನೆಗಳನ್ನು ಕೈಬಿಟ್ಟರು. ಆ ವಾರ ರಾಯರು ಯಾರ ಮನೆಗೂ ಹೋಗಲಿಲ್ಲ. ಜ್ವರ ಎಂದರು.

ಈ ಹುಚ್ಚು ಹಿಡಿದದ್ದು ಎಲ್ಲಿಂದ ಎಂಬುದಕ್ಕೂ ಒಂದು ಕತೆಯಿದೆ. ಆನ್‌ಲೈನ್ ಇಲ್ಲದ ಕಾಲದಲ್ಲಿ ಸೀಟು ಪಡೆಯಲು ಬೆಂಗಳೂರಿಗೇ ಹೋಗಬೇಕಿತ್ತು. ರಾತ್ರಿ ಬಸ್ಸಿನಲ್ಲಿ ಹೊರಟು, ಬೆಳಗ್ಗೆ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಇಡ್ಲಿ ತಿಂದು, ಮಕ್ಕಳ ಕೈಹಿಡಿದು ಸಿಇಟಿ ಸೆಲ್ಲಿನ ಮುಂದೆ ಕಾಯುವ ಅಪ್ಪಂದಿರು. ಒಳಗೆ ಉಳಿದ ಸೀಟುಗಳ ಸಂಖ್ಯೆ ಕಣ್ಣೆದುರೇ ಇಳಿಯುತ್ತಿತ್ತು. ರಾಯರ ಮಗನ ಸರದಿಗೆ ಇನ್ನೇನು ನಾಲ್ಕೈದು ಜನ ಇದ್ದಾಗ ಅವರು ಕಣ್ಣಿಟ್ಟಿದ್ದ ಎಲೆಕ್ಟ್ರಾನಿಕ್ಸ್‌ನ ಮುಂದಿದ್ದ ಒಂದು, ಸೊನ್ನೆಯಾಯಿತು. ಮಗ ಇನ್‌ಸ್ಟ್ರುಮೆಂಟೇಶನ್ ತೆಗೆದುಕೊಂಡ, ಓದಿದ, ಸಾಫ್ಟ್‌ವೇರ್ ಕಂಪನಿ ಸೇರಿದ. ಎಲೆಕ್ಟ್ರಾನಿಕ್ಸ್ ಸಿಕ್ಕಿದವರೂ, ಸಿವಿಲ್ ಓದಿದವರೂ ಅದೇ ಕಂಪನಿಗೆ ಬಂದು ಅದೇ ಸಾಲಿನಲ್ಲಿ ಕೂತರು. ಮಗನಿಗೆ ಆ ಸೀಟು ಈಗ ನೆನಪಿರಲಿಕ್ಕಿಲ್ಲ. ಅಪ್ಪ ಮಾತ್ರ ಇನ್ನೂ ಆ ಹಾಲಿನಿಂದ ಎದ್ದು ಬಂದಿಲ್ಲ.

ಅದಕ್ಕೇ ಇರಬೇಕು, ಪ್ರಾಧಿಕಾರ ಕೊಡುವ ನಾಲ್ಕು ಚಾಯ್ಸ್‌ಗಳಲ್ಲಿ ಅವರಿಗೆ ಎರಡನೆಯದರ ಮೇಲೆ ಪ್ರಾಣ. ಚಾಯ್ಸ್-1 ಅಂದರೆ ಸಿಕ್ಕಿದ್ದು ಸಾಕು, ಸೇರುತ್ತೇನೆ. ಚಾಯ್ಸ್-2 ಅಂದರೆ ಸಿಕ್ಕಿದ್ದೂ ಇರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ಅದೂ ಆಗಲಿ. ಚಾಯ್ಸ್-3 ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕನೆಯದು ನಿಮ್ಮ ಸಹವಾಸವೇ ಬೇಡ ಎಂಬುದು. ಮೊದಲನೆಯದನ್ನು ಒತ್ತಿದವರನ್ನು ರಾಯರು ಲೌಕಿಕ ಬಿಟ್ಟವರೆಂದು ಪರಿಗಣಿಸುತ್ತಾರೆ.

ಅವರ ಪರಮವಿದ್ಯೆ ಆಪ್ಷನ್ ಎಂಟ್ರಿ. ಯಾವ ಕಾಲೇಜು ಮೇಲೆ, ಯಾವುದು ಕೆಳಗೆ ಎಂದು ಪಟ್ಟಿ ಬರೆಯುವ ಕೆಲಸ. ಇದಕ್ಕಾಗಿ ರಾಯರು ರೂಲು ಎಳೆದ ನೂರು ಪುಟದ ನೋಟ್‌ಬುಕ್ ತರಿಸುತ್ತಾರೆ. ಕಾಲೇಜುಗಳನ್ನು ಹೆಸರಿನಿಂದ ಕರೆಯುವುದಿಲ್ಲ. ಆರ್‌ವಿ ಎಂದರೆ ಕತ್ತೆತ್ತದವರು ಇ-005 ಎಂದರೆ ಕನ್ನಡಕ ಸರಿಮಾಡಿಕೊಳ್ಳುತ್ತಾರೆ. "ಮೊದಲನೇ ಆಪ್ಷನ್ ವೇಸ್ಟ್ ಮಾಡ್ಬೇಡಿ. ಸಿಗೋದನ್ನ ಮೇಲೆ ಹಾಕಿ. ಆಸೆ ಎಲ್ಲ ಮಧ್ಯದಲ್ಲಿ ಸೇರಿಸೋಣ" ಎಂಬುದು ಅವರ ಸಿದ್ಧಾಂತ. ನಮ್ಮ ಬೀದಿಯ ಎಷ್ಟೋ ಮಕ್ಕಳ ಆಸೆ ಹೀಗೆ ನೋಟ್‌ಬುಕ್ಕಿನ ನಡುಪುಟದಲ್ಲಿ ಸೇರಿಹೋಗಿದೆ.

ಈ ವರ್ಷ ಎದುರುಮನೆ ಹುಡುಗಿ ಅದಕ್ಕೆ ತಕರಾರು ತೆಗೆದಳು. "ಅಂಕಲ್, ಕಂಪ್ಯೂಟರ್ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತಗೊಳ್ಳುತ್ತೆ ಅಲ್ವಾ? ನನ್ನ ಸರದಿ ಬಂದಾಗ ನನ್ನ ಪಟ್ಟಿನ ಮೇಲಿಂದ ನೋಡ್ಕೊಂಡು ಬರುತ್ತೆ. ಖಾಲಿ ಇರೋದು ಎಲ್ಲಿ ಸಿಗುತ್ತೋ ಅದನ್ನ ಕೊಡುತ್ತೆ. ಮೇಲೆ ಸಿಗದೇ ಇರೋದನ್ನ ಬರೆದ್ರೂ ಕೆಳಗಿನದು ಎಲ್ಲೂ ಓಡಿಹೋಗಲ್ಲ. ಇಷ್ಟದ ಪ್ರಕಾರ ಬರೆದ್ರೆ ಸಾಕಲ್ವಾ?"

ಅವಳು ಹೇಳಿದ್ದು ಅಕ್ಷರಶಃ ಸರಿ. ಸೀಟು ಹಂಚುವುದು ಹಾಗೆಯೇ. ಸಿಗುವುದನ್ನು ಮೇಲೆ ಬರೆದರೆ ಅದೇ ಸಿಕ್ಕಿ, ಅದಕ್ಕಿಂತ ಇಷ್ಟದ್ದು ಕೆಳಗೇ ಉಳಿದುಹೋಗುತ್ತದೆಯೇ ಹೊರತು ಬೇರೆ ಲಾಭವಿಲ್ಲ. ನೋಟ್‌ಬುಕ್ಕಿನ ನೂರು ಪುಟದ ಶಾಸ್ತ್ರವನ್ನು ಆ ಹುಡುಗಿ ಅರ್ಧ ನಿಮಿಷದಲ್ಲಿ ಮಡಿಸಿಟ್ಟಳು. ರಾಯರು ಕಾಫಿ ಲೋಟವನ್ನು ಎರಡು ಸಲ ತಿರುಗಿಸಿ, "ಥಿಯರಿ ಸರಿ ಪುಟ್ಟಿ. ಪ್ರಾಕ್ಟಿಕಲ್ ಬೇರೆ" ಎಂದರು. ಅವಳ ಅಪ್ಪ ತಲೆಯಾಡಿಸಿದರು. ಅಪ್ಪಂದಿರಿಗೆ ಈ ದಿನಗಳಲ್ಲಿ ಬೇಕಾಗಿರುವುದು ಸರಿಯಾದ ಮಾತಲ್ಲ, ಗಟ್ಟಿ ದನಿಯಲ್ಲಿ ಹೇಳುವ ಹಿರಿಯರು.

ನಿಜವಾದ ಆಘಾತ ಆಮೇಲೆ ಬಂತು. ಅವಳಿಗೆ ಇಷ್ಟವಿದ್ದದ್ದು ನಮ್ಮೂರಿನದೇ ಕಾಲೇಜಾದ ಎಸ್‌ಜೆಸಿಇಯ ಸಿವಿಲ್. ಕನ್ನಂಬಾಡಿ ಕಟ್ಟೆ ಇರುವ ಸೀಮೆಯಲ್ಲಿ, ವಿಶ್ವೇಶ್ವರಯ್ಯನವರ ಫೋಟೋ ಗೋಡೆಗೊಂದು ತೂಗುವ ಊರಿನಲ್ಲಿ, ಆ ಮಾತು ಕೇಳಿ ಹಾಲಿನಲ್ಲಿ ಯಾರೂ ಉಸಿರೆತ್ತಲಿಲ್ಲ. "ಇಂಥಾ ರ‍್ಯಾಂಕ್ ಇಟ್ಕೊಂಡು ಸಿವಿಲ್ಲಾ? ಈ ರ‍್ಯಾಂಕಿಗೆ ಬೆಂಗಳೂರಲ್ಲೇ ಸಿಎಸ್ ಬರುತ್ತೆ, ಐಎಸ್ ಬರುತ್ತೆ, ಎಐ-ಎಂಎಲ್ ಬರುತ್ತೆ!" ರಾಯರ ಪ್ರಕಾರ ರ‍್ಯಾಂಕ್ ಎಂಬುದು ಪೂರ್ತಿ ಖರ್ಚು ಮಾಡಲೇಬೇಕಾದ ಹಣ. ಉಳಿಸಿ ಮನೆಗೆ ತಂದರೆ ಕೊಟ್ಟವರಿಗೆ ಅವಮಾನ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಷಯ ಹೇಳದಿದ್ದರೆ ಅನ್ಯಾಯ. ನಮ್ಮ ಬೀದಿಗೆ ಹಾಲು ಹಾಕುವವನ ಮಗ ನಂಜನಗೂಡು ಕಡೆಯ ಹಳ್ಳಿಯಲ್ಲಿ, ಕನ್ನಡ ಶಾಲೆಯಲ್ಲಿ ಹತ್ತರವರೆಗೆ ಓದಿದವನು. ಅರ್ಜಿಯಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮ ಎರಡನ್ನೂ ಗುರುತು ಮಾಡಬೇಕೆಂದು ಅವನಿಗೆ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ರಾಯರು ಸ್ಕೂಟರಿನಲ್ಲಿ ಅವನನ್ನು ಹಿಂದೆ ಕೂರಿಸಿಕೊಂಡು ಹೋಗಿ, ಶಾಲೆಯ ಹೆಡ್‌ಮಾಸ್ಟರರನ್ನು ಹಿಡಿದು, ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಮಾಡಿಸಿ, ಜಾತಿ-ಆದಾಯ ಪತ್ರದ ಆರ್‌ಡಿ ನಂಬರನ್ನು ಹೆಸರಿನ ಇನಿಷಿಯಲ್ ಸಮೇತ ತಾಳೆ ನೋಡಿ ತಿದ್ದುಪಡಿ ಮಾಡಿಸಿದರು. ಹುಡುಗನಿಗೆ ಸರ್ಕಾರಿ ಶುಲ್ಕದಲ್ಲಿ ಒಳ್ಳೆಯ ಸೀಟು ಸಿಕ್ಕಿತು. ಅವರ ಇಡೀ ವೃತ್ತಿಜೀವನದಲ್ಲಿ ಅವರಿಂದ ಖಂಡಿತವಾಗಿ ಒಬ್ಬರ ಹಣೆಬರಹ ಬದಲಾದದ್ದು ಅದೊಂದೇ ಸಲ ಇರಬೇಕು. ಅದನ್ನು ಅವರು ಎಲ್ಲೂ ಹೇಳಿಕೊಳ್ಳುವುದಿಲ್ಲ. ಕೇಳಿದರೆ, "ಅದರಲ್ಲೇನಿದೆ, ಬರೀ ಪೇಪರ್ ವರ್ಕು" ಎಂದು ಆ ಮಾತು ಬಿಟ್ಟು, ಹೋದ ವರ್ಷ ತಾವು ಅಂದಾಜಿಸಿದ ರ‍್ಯಾಂಕು ಇನ್ನೂರರ ಒಳಗೆ ಬಂದ ಸಂಗತಿಗೆ ತಿರುಗುತ್ತಾರೆ.

ಆಪ್ಷನ್ ಎಂಟ್ರಿಯ ಕೊನೆಯ ದಿನ ರಾಯರು ಎದುರುಮನೆಯಲ್ಲೇ ಇದ್ದರು. ನೋಟ್‌ಬುಕ್ ಬಿಚ್ಚಿ, ಅರವತ್ತೆರಡನೇ ಆಪ್ಷನ್ ಅರವತ್ತೊಂದಕ್ಕಿಂತ ಯಾಕೆ ಕೆಳಗಿರಬೇಕು ಎಂದು ಅಪ್ಪನಿಗೆ ವಿವರಿಸುತ್ತಿದ್ದರು. ಹುಡುಗಿ ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ತನ್ನದೇ ಪಟ್ಟಿ ತುಂಬುತ್ತಿದ್ದಳು. ಅಲ್ಲಿಂದಲೇ, "ಅಪ್ಪಾ, ನಿಮ್ಮ ಮೊಬೈಲಿಗೆ ಬಂದಿದ್ದು ಹೇಳಿ" ಎಂದಳು. ಅಪ್ಪ ಕನ್ನಡಕ ಏರಿಸಿ ಒಟಿಪಿ ಓದಿದರು: "ಒಂದು, ಎಂಟು, ನಾಲ್ಕು, ಎರಡು, ಸೊನ್ನೆ, ಏಳು."

ರಾಯರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಒಂದು ಲಕ್ಷದ ಎಂಬತ್ತನಾಲ್ಕು ಸಾವಿರವಾ? ಯಾರದು ಪಾಪ? ಪರವಾಗಿಲ್ಲ ಬಿಡಿ, ಎಂಬತ್ತು ಪರ್ಸೆಂಟ್ ಸಿಗುತ್ತೆ. ಕೆಟಗರಿ ಯಾವುದು?"