ಕಂತಿನ ಕಾದಂಬರಿಕಾರ

ವಾರಪತ್ರಿಕೆಗಳಿಗಾಗಿ ಮನೆಮಂದಿಯೆಲ್ಲ ಕಾದು ಕೂರುತ್ತಿದ್ದ ಕಾಲದಲ್ಲಿ, ಸ್ಥೂಲವಾಗಿ ಹೇಳುವುದಾದರೆ 1965ರಲ್ಲಿ ‘ಸುಧಾ’ ಆರಂಭವಾದಂದಿನಿಂದ 1983ರಲ್ಲಿ ಮಣಿಪಾಲದಿಂದ ‘ತರಂಗ’ ಹೊರಟು ನೆಲೆಯೂರುವವರೆಗೆ, ಬೆಂಗಳೂರಿನ ಬ್ಯಾಂಕುಗಳೂ ಸರ್ಕಾರಿ ಕಚೇರಿಗಳೂ ತಮಗರಿವಿಲ್ಲದೆಯೇ ಸಾಹಿತಿಗಳ ಒಂದು ವಿಶಿಷ್ಟ ಸಂತತಿಯನ್ನು ಸಂಬಳ ಕೊಟ್ಟು ಸಾಕಿದವು. ಕಂತಿನ ಕಾದಂಬರಿಕಾರ ಎಂದು ಇಲ್ಲಿ ಕರೆದಿರುವುದು ಈ ಸಂತತಿಯವನನ್ನೇ. ಕಂತು ಎಂದರೆ ಧಾರಾವಾಹಿ ಕಾದಂಬರಿಯ ಒಂದು ವಾರದ ಪಾಲು. ಅದು ಗೊತ್ತಾದ ದಿನದಂದು, ಗೊತ್ತಾದಷ್ಟು ಪುಟ, ಮಳೆ ಬರಲಿ ಮದುವೆ ಬರಲಿ, ಪತ್ರಿಕೆಯ ಕಚೇರಿಗೆ ತಲುಪಲೇಬೇಕು. ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತು ಹಗಲೆಲ್ಲ ಪರರ ಕಂತು ಬಾಕಿಗಳನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕುವ ಈತ, ಸಂಜೆ ಮನೆ ಸೇರುವ ಹೊತ್ತಿಗೆ ತಾನೇ ಸುಸ್ತಿದಾರನಾಗಿರುತ್ತಾನೆ.

ಈತ ಈ ಸ್ಥಿತಿಗೆ ಇಳಿಯುವ ಕ್ರಮ ಬಹುಮಟ್ಟಿಗೆ ಒಂದೇ. ಕಾದಂಬರಿ ಪೂರ್ತಿ ಬರೆದಾಗಿದೆಯೇ ಎಂದು ಸಂಪಾದಕರು ಕೇಳುತ್ತಾರೆ. ಕರಡು ಸಿದ್ಧವಿದೆ, ನಕಲು ಮಾಡುವುದಷ್ಟೇ ಬಾಕಿ ಎಂದು ಈತ ಉತ್ತರಿಸುತ್ತಾನೆ. ಕರಡು ಎಂದರೆ ತಿದ್ದುವ ಮೊದಲಿನ ಬರಹ ಎಂದು ಲೋಕ ತಿಳಿದಿದೆಯಾದರೂ, ಈ ಸಂತತಿಯವರು ಆ ಮಾತನ್ನು ಬರೆಯುವ ಮೊದಲಿನ ಬರಹ ಎಂಬರ್ಥದಲ್ಲಿ ಬಳಸುತ್ತಾರೆ. ಕೈಯಲ್ಲಿರುವುದು ಮೂರು ಅಧ್ಯಾಯ ಮತ್ತು ಒಂದು ಪುಟದ ಸಾರಾಂಶ. ಆ ಮೂರು ಅಧ್ಯಾಯಗಳು ಮಾತ್ರ ಪುರುಸೊತ್ತಿನಲ್ಲಿ ಬರೆದವು. ಅವುಗಳಲ್ಲಿ ಮಲೆನಾಡಿನ ಮಳೆ ಎರಡು ಪುಟ ಸುರಿಯುತ್ತದೆ, ನಾಯಕಿಯ ಮನೆಯ ಜಗಲಿಯ ಕಂಬಗಳ ಕೆತ್ತನೆಗೂ ಜಾಗವುಂಟು. ನಾಲ್ಕನೆಯ ಕಂತಿನಿಂದ ಮಳೆ ಹಠಾತ್ತನೆ ನಿಂತು, ಕಂಬಗಳು ಕಣ್ಮರೆಯಾಗಿ, ಜನ ಬರಿದೆ ಮಾತನಾಡತೊಡಗುತ್ತಾರೆ. ‘ಹೌದಾ?’ ‘ಹೌದು.’ ‘ನಿಜವಾಗಿಯೂ?’ ಎಂಬಂಥ ಮಾತುಗಳು ಒಂದೊಂದೂ ಒಂದೊಂದು ಸಾಲನ್ನು ಆಕ್ರಮಿಸುವುದರಿಂದ ಪುಟ ಬೇಗ ತುಂಬುತ್ತದೆ. ಮುಂದೊಮ್ಮೆ ಇದನ್ನು ವರ್ಣನೆಯಿಂದ ನಾಟಕೀಯತೆಯ ಕಡೆಗಿನ ಸ್ಥಿತ್ಯಂತರವೆಂದು ಯಾರಾದರೂ ವಿವರಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ವಿಮರ್ಶಕರು ಇಂಥ ಕಾದಂಬರಿಗಳಲ್ಲಿ ಪ್ರಭಾವಗಳನ್ನು ಹುಡುಕುತ್ತಾರೆ. ಆದರೆ ಕಥೆಯ ತಿರುವುಗಳ ನಿಜವಾದ ಮೂಲ ಲೇಖಕನ ರಜೆಯ ಲೆಕ್ಕದಲ್ಲಿದೆ ಎಂಬುದನ್ನು ಅವರು ಗಮನಿಸಿದಂತಿಲ್ಲ. ಆಗಿನ ಬ್ಯಾಂಕುಗಳಿಗೆ ಜೂನ್ 30 ಮತ್ತು ಡಿಸೆಂಬರ್ 31 ಅರ್ಧವಾರ್ಷಿಕ ಲೆಕ್ಕ ಮುಗಿಸುವ ದಿನಗಳಾಗಿದ್ದು, ‘ಕ್ಲೋಸಿಂಗ್’ ಎಂದು ಕರೆಯುತ್ತಿದ್ದ ಆ ದಿನಗಳ ಆಸುಪಾಸಿನಲ್ಲಿ, ಎಲ್ಲೋ ಹದಿನೆಂಟು ಪೈಸೆ ತಾಳೆಯಾಗದ ಲೆಡ್ಜರುಗಳ ಮುಂದೆ ನೌಕರರೆಲ್ಲ ನಡುರಾತ್ರಿಯವರೆಗೆ ಕೂರಬೇಕಿತ್ತು. ಡಿಸೆಂಬರ್ ಕೊನೆಯ ವಾರ ನಾಯಕಿ ಮೆಟ್ಟಿಲಿನಿಂದ ಜಾರಿ ಬಿದ್ದು ಪ್ರಜ್ಞೆ ತಪ್ಪುವುದು ಇದೇ ಕಾರಣಕ್ಕೆ. ಪ್ರಜ್ಞೆಯಿಲ್ಲದವಳಿಗೆ ಮಾತು ಬರೆಯಬೇಕಾಗಿಲ್ಲ. ಹಾಸಿಗೆಯ ಪಕ್ಕದಲ್ಲಿ ಕುಳಿತ ನಾಯಕನಿಗೆ ಹಿಂದಿನದೆಲ್ಲ ನೆನಪಾಗುತ್ತಾ ಹೋಗುವುದರಿಂದ ಹಳೆಯ ಕಂತುಗಳ ಒಂದೂವರೆ ಪುಟವನ್ನು ಹಾಗೆಯೇ ಎತ್ತಿಕೊಳ್ಳಬಹುದು. ಜನವರಿ ಮೊದಲ ವಾರ ಲೆಕ್ಕ ತಾಳೆಯಾದೊಡನೆ ಅವಳು ಕಣ್ಣು ಬಿಟ್ಟು ನೀರು ಕೇಳುತ್ತಾಳೆ. ನಾದಿನಿಯ ಮದುವೆಗೆಂದು ಲೇಖಕ ಸಂಸಾರಸಮೇತ ಶಿವಮೊಗ್ಗಕ್ಕೆ ಹೊರಟ ವಾರ, ಕಥೆಯೊಳಗಿನವರೂ ಕಾರಣ ಹೇಳದೆ ಶಿವಮೊಗ್ಗದ ರೈಲು ಹತ್ತಿ, ಆ ಕಂತು ಮುಗಿಯುವವರೆಗೂ ಇಳಿಯುವುದಿಲ್ಲ. ಮಗನ ಎಸ್‌ಎಸ್‌ಎಲ್‌ಸಿ ಪರೀಕ್ಷೆ, ನಲ್ಲಿಯಲ್ಲಿ ನೀರು ಬಾರದ ಬೇಸಿಗೆ, ಸಂಘದ ಗಣೇಶೋತ್ಸವಕ್ಕೆ ಕಾರ್ಯದರ್ಶಿಯಾಗಲು ಒಪ್ಪಿಕೊಂಡ ಅವಿವೇಕ, ಎಲ್ಲವೂ ಹೀಗೆಯೇ ಕಥಾನಕದಲ್ಲಿ ತಮ್ಮ ಗುರುತು ಬಿಟ್ಟಿವೆ. ದೀಪಾವಳಿ ವಿಶೇಷಾಂಕದ ಪಾಡಂತೂ ಬೇರೆಯೇ ಅಧ್ಯಯನಕ್ಕೆ ಯೋಗ್ಯವಾದದ್ದು.

ಈತನನ್ನು ಯಾರಾದರೂ ಅವಸರದ ಲೇಖಕನೆಂದು ಹಳಿದರೆ, ಪೂರ್ವಸೂರಿಗಳ ಪಟ್ಟಿ ನಾಲಿಗೆಯ ತುದಿಯಲ್ಲೇ ಇರುತ್ತದೆ. ಇಂಗ್ಲೆಂಡಿನ ಅಂಚೆ ಇಲಾಖೆಯ ಅಧಿಕಾರಿಯಾಗಿದ್ದ ಆಂಟನಿ ಟ್ರಾಲಪ್ ಬೆಳಗಿನ ಐದೂವರೆಗೆ ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳಂತೆ ಬರೆದು, ಆಮೇಲೆ ಕಚೇರಿಗೆ ಹೋಗುತ್ತಿದ್ದುದನ್ನು ಈತ ಹೇಳುತ್ತಾನೆಯೇ ಹೊರತು, ತಾನು ಐದೂವರೆಗೆ ಹಾಲಿನ ಬೂತಿನ ಸಾಲಿನಲ್ಲಿ ನಿಂತಿರುವುದನ್ನು ಹೇಳುವುದಿಲ್ಲ. ನೂರಕ್ಕೂ ಮಿಕ್ಕಿ ಕಾದಂಬರಿ ಬರೆದ ಅನಕೃ ಅವರ ಹೆಸರನ್ನು ಭಕ್ತಿಯಿಂದ ಸ್ಮರಿಸುತ್ತಾನೆ. ಈತನ ಆರಾಧ್ಯದೈವ ಮಾತ್ರ ರಷ್ಯದ ದಾಸ್ತೊಯೆವ್‌ಸ್ಕಿ. 1866ರಲ್ಲಿ ಒಂದು ಕಡೆ ‘ಅಪರಾಧ ಮತ್ತು ಶಿಕ್ಷೆ’ ಪತ್ರಿಕೆಯಲ್ಲಿ ಕಂತುಕಂತಾಗಿ ಬರುತ್ತಿದ್ದಾಗಲೇ, ನವೆಂಬರ್ 1ರೊಳಗೆ ಇನ್ನೊಂದು ಕಾದಂಬರಿ ಕೊಡದಿದ್ದರೆ ತನ್ನ ಕೃತಿಗಳನ್ನು ಒಂಬತ್ತು ವರ್ಷ ಪುಕ್ಕಟೆಯಾಗಿ ಅಚ್ಚುಹಾಕುವ ಹಕ್ಕು ಪ್ರಕಾಶಕನ ಪಾಲಾಗುವ ಕರಾರಿಗೆ ಸಿಕ್ಕಿಬಿದ್ದಿದ್ದ ಆತ, ಅನ್ನಾ ಸ್ನಿತ್ಕಿನಾ ಎಂಬ ಶೀಘ್ರಲಿಪಿಗಾರ್ತಿಗೆ ಹೇಳಿ ಬರೆಸಿ, ‘ಜೂಜುಗಾರ’ವನ್ನು 26 ದಿನಗಳಲ್ಲಿ ಮುಗಿಸಿದ, ಕೊನೆಯ ದಿನ ಪ್ರಕಾಶಕ ಬೇಕೆಂದೇ ಕೈಗೆ ಸಿಗದಿದ್ದಾಗ ಹಸ್ತಪ್ರತಿಯನ್ನು ಪೊಲೀಸು ಠಾಣೆಯಲ್ಲಿ ಒಪ್ಪಿಸಿ ರಸೀದಿ ಪಡೆದ, ಮರುವರ್ಷ ಅನ್ನಾಳನ್ನೇ ಮದುವೆಯಾದ.

ಮದುವೆ ಮೊದಲೇ ಆಗಿಹೋಗಿದ್ದ ಈತ ಅದೇ ಪ್ರಯೋಗವನ್ನು ಉಲ್ಟಾ ಕ್ರಮದಲ್ಲಿ ಮಾಡಲು ಹೊರಟು, ಒಂದು ಭಾನುವಾರ ರಾತ್ರಿ ಅವರೆಕಾಳು ಹಿಸುಕುತ್ತಿದ್ದ ಮಡದಿಯ ಕೈಗೆ ಪೆನ್ನು ಕೊಡುತ್ತಾನೆ. ಆಕೆ ಒಪ್ಪುತ್ತಾಳೆ, ಆದರೆ ನಾಯಕಿ ಏಳು ತಿಂಗಳ ಬಸುರಿಯಾಗಿ ಬಾವಿಯಿಂದ ನೀರು ಸೇದುವ ವಾಕ್ಯ ಬಂದಾಗ ಪೆನ್ನು ನಿಂತುಬಿಡುತ್ತದೆ. ‘ಅವಳತ್ತೆ ಮನೇಲಿ ಇಲ್ವೇನ್ರೀ?’ ಎಂಬ ಪ್ರಶ್ನೆಗೆ ಲೇಖಕನಲ್ಲಿ ಉತ್ತರವಿಲ್ಲ. ಮುಂದಿನ ದೃಶ್ಯದಲ್ಲಿ ನಾಯಕಿಯ ತಂದೆ ಬಾಗಿಲಲ್ಲಿ ಬಂದು ನಿಂತು ಕೊಡೆ ಮಡಿಸುವಾಗ ಆಕೆ ಕಾಗದದಿಂದ ತಲೆ ಎತ್ತಿ, ‘ರೀ, ಅವರಪ್ಪ ಹೋಗಿ ಮೂರು ವಾರ ಆಯ್ತಲ್ರೀ. ವೈಕುಂಠ ಸಮಾರಾಧನೆ ಕೂಡ ನೀವೇ ಮಾಡಿಸಿದ್ರಿ’ ಎನ್ನುತ್ತಾಳೆ. ಈ ಸಂತತಿಯವರ ಪಾತ್ರಗಳ ಹುಟ್ಟುಸಾವುಗಳ ಅಧಿಕೃತ ದಾಖಲೆ ಇರುವುದು ಹೆಂಡತಿಯ ನೆನಪಿನಲ್ಲಿ ಮಾತ್ರ ಎಂದು ಧಾರಾಳವಾಗಿ ಹೇಳಬಹುದು. ಆದರೆ ಕಂತು ಬೆಳಗಾದರೆ ಹೋಗಬೇಕು, ಇಡೀ ದೃಶ್ಯವನ್ನು ಹೊಸದಾಗಿ ಬರೆಯಲು ಪುರುಸೊತ್ತಿಲ್ಲ. ಹಾಗಾಗಿ ‘ಅಪ್ಪ’ ಎಂದಿದ್ದಲ್ಲೆಲ್ಲ ಹಿಂದೆ ‘ದೊಡ್ಡ’ ಎಂದು ಸೇರಿಸಿ, ಅದುವರೆಗೆ ಯಾರೂ ಕೇಳರಿಯದ ಒಬ್ಬ ದೊಡ್ಡಪ್ಪನನ್ನು ಆ ಮನೆತನಕ್ಕೆ ಒದಗಿಸಿಕೊಡಲಾಗುತ್ತದೆ.

ಸೋಮವಾರ ಹನ್ನೊಂದಕ್ಕೆ ಪತ್ರಿಕೆಯ ಹುಡುಗ ಬ್ಯಾಂಕಿನ ಕೌಂಟರಿನ ಮುಂದೆ ಗ್ರಾಹಕರ ಸಾಲಿನಲ್ಲೇ ನಿಲ್ಲುತ್ತಾನೆ. ಅವನ ಸರದಿ ಬಂದಾಗ ‘ಸಾರ್, ಮ್ಯಾಟರ್’ ಎಂಬೆರಡು ಮಾತು ಸಾಕು. ಅಚ್ಚಿಗೆ ಹೋಗಬೇಕಾದ ಬರಹವನ್ನು, ಅದು ಮಹಾಕಾವ್ಯವಾಗಲಿ ಮೂಲವ್ಯಾಧಿಯ ಜಾಹೀರಾತಾಗಲಿ, ಪ್ರೆಸ್ಸಿನವರು ಕರೆಯುವುದು ಹಾಗೆಯೇ. ಕೊನೆಯ ಪುಟ ಇನ್ನೂ ಬರೆದಿರುವುದಿಲ್ಲವಾಗಿ, ಲೇಖಕ ಚಲನ್ನೊಂದರ ಬೆನ್ನಿಗೆ, ಕರೆಗಂಟೆಯ ಸದ್ದಾಯಿತು, ಬಾಗಿಲು ತೆರೆದ ಅವಳು ದಂಗುಬಡಿದು ನಿಂತಳು ಎಂದು ಗೀಚಿ, ಕೆಳಗೆ ‘ಮುಂದುವರಿಯುವುದು’ ಎಂದು ಬರೆದು ಕೊಡುತ್ತಾನೆ. ಬಂದವರು ಯಾರೆಂದು ಓದುಗರು ವಾರವಿಡೀ ತಲೆ ಕೆಡಿಸಿಕೊಳ್ಳುತ್ತಾರೆ. ಆತನೂ ಅಷ್ಟೇ ಪ್ರಾಮಾಣಿಕವಾಗಿ ತಲೆ ಕೆಡಿಸಿಕೊಳ್ಳುತ್ತಾನೆ. ಕ್ಯಾಂಟೀನಿನಲ್ಲಿ ಸಹೋದ್ಯೋಗಿಗಳು ಒಂದು ಬೈಟು ಕಾಫಿಯ ಪಣಕ್ಕೆ ಊಹಿಸುವ ಹೆಸರುಗಳಲ್ಲಿ ಯಾವುದೊಂದು ವಾಸಿಯೆನಿಸಿದರೆ, ಗುರುವಾರದ ಹೊತ್ತಿಗೆ ಬಾಗಿಲಲ್ಲಿ ನಿಂತವನು ಅವನೇ ಆಗಿರುತ್ತಾನೆ.

ಕೊನೆಗೊಂದು ದಿನ ಸಂಪಾದಕರಿಂದ ಪತ್ರ ಬರುತ್ತದೆ: ಹೊಸ ಧಾರಾವಾಹಿಯ ಪ್ರಕಟಣೆ ಹೊರಟಾಗಿದೆ, ಎರಡೇ ವಾರದಲ್ಲಿ ಮುಗಿಸತಕ್ಕದ್ದು. ಆರು ತಿಂಗಳಿಂದ ನೆಟ್ಟಗೆ ಮಾತನಾಡದವರೆಲ್ಲ ಒಂದೇ ಮಧ್ಯಾಹ್ನ ಪರಸ್ಪರ ಕ್ಷಮೆ ಕೇಳಿ, ಎರಡು ಮದುವೆಗಳು ಒಂದೇ ಚಪ್ಪರದಡಿ ನಡೆದು, ಖಳನಾಯಕನಿಗೆ ಪಶ್ಚಾತ್ತಾಪವೂ ಪಾರ್ಶ್ವವಾಯುವೂ ಒಟ್ಟಿಗೆ ಬರುತ್ತವೆ. ಪುಸ್ತಕವಾಗುವಾಗ ಎಲ್ಲವನ್ನೂ ತಿದ್ದುವುದಾಗಿ ಲೇಖಕ ಹೇಳಿಕೊಳ್ಳುತ್ತಾನೆ. ಪುಸ್ತಕವಾಗುವ ಹೊತ್ತಿಗೆ ಮುಂದಿನ ಧಾರಾವಾಹಿಯ ನಾಲ್ಕನೆಯ ಕಂತು ಕುತ್ತಿಗೆಗೆ ಬಂದಿರುವುದರಿಂದ, ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಹಾಳೆಗಳೇ ನೇರ ಅಚ್ಚಿಗೆ ಹೋಗುತ್ತವೆ. ಸರ್ಕ್ಯುಲೇಟಿಂಗ್ ಲೈಬ್ರರಿ ಎಂದರೆ ದಿನಕ್ಕಿಷ್ಟು ಕಾಸಿನಂತೆ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿ. ಅಂಥದೊಂದರ ರಟ್ಟು ಹರಿದ ಪ್ರತಿಯಲ್ಲಿ, ಕೊಡೆ ಮಡಿಸುವ ದೃಶ್ಯದ ಅಂಚಿನಲ್ಲಿ, ಯಾರೋ ಪೆನ್ಸಿಲಿನಲ್ಲಿ ‘ಈ ದೊಡ್ಡಪ್ಪ ಎಲ್ಲಿಂದ ಬಂದ?’ ಎಂದು ಬರೆದಿದ್ದರೆ, ಅದರ ಕೆಳಗೆ ಬೇರೊಂದು ಕೈ ನೀಲಿ ಶಾಯಿಯಲ್ಲಿ ಉತ್ತರಿಸಿರುತ್ತದೆ: ‘ಚಿಂತೆ ಬೇಡ, 214ನೇ ಪುಟದಲ್ಲಿ ಅವನೂ ಸಾಯುತ್ತಾನೆ.’